ಒಂದು ಸಲಹೆಗೆ ಒಂದು ಮಿರ್ಚಿ

ಬೆಟಗೇರಿಯ ಆಚೆ, ಹತ್ತಿ ಜಿನ್ನಿನ ಗಿರಣಿಯ ಹಿಂದಿನ ಬಯಲಿನಲ್ಲಿ ನಾನು ಮಕ್ಕಳ ತೋಟ ತೆರೆದಾಗ ಅಲ್ಲಿ ಇದ್ದದ್ದು ಎರಡು ಬೇವಿನ ಗಿಡ, ಒಂದು ಬಾವಿ. ಆದರೂ ತೋಟ ಎಂದೇ ಹಲಗೆ ಬರೆಸಿದೆ. ವ್ಯಾಪಾರದಲ್ಲಿ ಹಲಗೆ ಸರಕಿಗಿಂತ ಒಂದು ಹೆಜ್ಜೆ ಮುಂದಿರಬೇಕು. ಎರಡು ಹೆಜ್ಜೆ ಇರಬಾರದು, ಜನ ಬಯ್ಯುತ್ತಾರೆ.

ಅದಕ್ಕೂ ಮೊದಲು ಎಷ್ಟೋ ವರ್ಷ ಹೆಗಲ ಮೇಲೆ ಗಂಟು ಹೊತ್ತು ತಿರುಗಿದವನು ನಾನು. ಬಾಚಣಿಗೆ, ಕನ್ನಡಿ, ಲಾಡಿ, ಕುಂಕುಮದ ಭರಣಿ ಮಾರುತ್ತಿದ್ದೆ. ಆಗ ಗದಗ ಮುಂಬೈ ಸರಕಾರದ್ದು, ಲಕ್ಷ್ಮೇಶ್ವರ ಒಬ್ಬ ಅರಸರದು, ಶಿರಹಟ್ಟಿ ಇನ್ನೊಬ್ಬ ಅರಸರದು. ಮುಂಜಾನೆ ಒಬ್ಬರ ರಾಜ್ಯದಲ್ಲಿ ರೊಟ್ಟಿ ತಿಂದು, ಮಧ್ಯಾಹ್ನ ಇನ್ನೊಬ್ಬರ ರಾಜ್ಯದಲ್ಲಿ ನೀರು ಕುಡಿಯುತ್ತಿದ್ದೆ. ಗಡಿಯ ಸುಂಕದ ನಾಕಾದವನೊಬ್ಬ ಪ್ರತಿ ಸಲ ನನ್ನ ಗಂಟು ಬಿಚ್ಚಿಸಿ, ಮಾರುವ ಕನ್ನಡಿಯಲ್ಲೇ ಮೀಸೆ ತಿರುವಿಕೊಂಡು, "ಹೂಂ, ಕಟ್ಟು" ಎನ್ನುತ್ತಿದ್ದ. ಊರೂರಿನ ಹಿತ್ತಲ ಬಾಗಿಲಿಗೆ ನಿಂತು ಹೆಂಗಸರ ಜೊತೆ ಚೌಕಾಸಿ ಮಾಡಿ ಮಾಡಿ, ಹೆಂಗಸರ ಮನಸ್ಸು ನನ್ನಷ್ಟು ತಿಳಿದವನು ಈ ಸೀಮೆಯಲ್ಲೇ ಇಲ್ಲ ಎಂದು ನಂಬಿದ್ದೆ. ಈ ನಂಬಿಕೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸ್ವಾತಂತ್ರ್ಯ ಬಂತು, ಅರಸರ ಸೀಮೆಗಳು ಹೋದವು, ನಾಕಾದವನೂ ಹೋದ. ಮುಂದೆ ಕೆಲವು ವರ್ಷಕ್ಕೆ ಲಕ್ಷ್ಮೇಶ್ವರದಲ್ಲಿ ಒಬ್ಬ ಮುದುಕ ತನ್ನ ತೊಟ್ಟಿಲು ಮಾರುತ್ತಾನೆಂದು ಖಬರು ಸಿಕ್ಕಿತು. ಮನೆಯ ತೊಟ್ಟಿಲಲ್ಲ. ನಾಲ್ಕು ತೊಟ್ಟಿಲು ತೂಗುಹಾಕಿದ ದೊಡ್ಡ ಮರದ ಗಾಲಿ, ಇಬ್ಬರು ಗಟ್ಟಿ ಆಳು ಕೈಯಿಂದ ತಿರುಗಿಸುವಂಥದ್ದು. ನಾನು ಹೋಗಿ ಅಚ್ಚಿನ ಮೇಲೆ ಬೆರಳು ಸವರಿದೆ, 'ಚ್ಚು' ಎಂದೆ, ಗಿಡದ ನೆರಳಿಗೆ ಹೋಗಿ ಕೂತೆ. ರೇಟು ಕೇಳಲಿಲ್ಲ. ಕೊಳ್ಳಲು ಹೋದವರು ಮೊದಲು ಬಾಯಿ ತೆಗೆಯಬಾರದು, ಇದನ್ನು ಯಾರು ಬೇಕಾದರೂ ನನ್ನಿಂದ ಕಲಿಯಬಹುದು. ಹೊತ್ತು ಇಳಿಯುವವರೆಗೆ ಕೂತಿದ್ದೆ. ಕಡೆಗೆ ಮುದುಕನೇ ಬಂದು, "ಏನಪಾ, ಗಾಲಿ ನೋಡಾಕ ಬಂದೀಯೋ, ನಮ್ಮ ಬೇವಿನ ನೆಳ್ಳ ಕೊಳ್ಳಾಕ ಬಂದೀಯೋ?" ಎಂದ. ಅಲ್ಲಿಗೆ ವ್ಯವಹಾರ ಕುದುರಿತು. ಗಾಲಿಯ ಜೊತೆ ಆರು ಮರದ ಕುದುರೆಗಳೂ ಬಂದವು. ಒಂದಕ್ಕೆ ಕಿವಿ ಇರಲಿಲ್ಲ.

ಬಯಲು ಜಿನ್ನಿನ ಸಾವ್ಕಾರರದು. ಅವರು ಕಟ್ಟುನಿಟ್ಟಿನ ಮನುಷ್ಯ. "ಸಂಸಾರಸ್ಥರು ಬರೂ ಜಾಗಾ ಆಗ್ತೈತಿ ಅಂದ್ರ ಇಟ್ಕೋ. ಕೆಲಸಿಲ್ಲದ ಪುಂಡರು ಬೀಡಿ ಸೇದ್ಕೋತ ನಿಂದ್ರೂ ಜಾಗಾ ಆತಂದ್ರ, ಎರಡನೇ ದೀಪಾವಳಿ ಪಾಡ್ಯಾದ ದಿನ ಕಿತ್ಕೊಂಡು ಹೋಗಬೇಕು. ನನಗ ಹತ್ತಿ ಅಂಡಿಗಿ ಒಟ್ಟಾಕ ಜಾಗಾ ಸಾಲವಲ್ದು" ಎಂದರು. ನಮ್ಮ ಕಡೆ ಪಾಡ್ಯಕ್ಕೇ ವ್ಯಾಪಾರದ ಹೊಸ ವರ್ಷ. ಮಾತು ಮುರಿಯುವುದೂ ಅಂದೇ, ಕೂಡಿಸುವುದೂ ಅಂದೇ.

ಮೊದಲ ನಾಗರ ಪಂಚಮಿಗೆ ತೋಟದಲ್ಲಿ ಹಿಡಿಸಲಾರದಷ್ಟು ಜನ ಬಂದರು. ತವರಿಗೆ ಬಂದ ಹೆಣ್ಣುಮಕ್ಕಳು ಉಡಿಯಲ್ಲಿ ಶೇಂಗಾದ ಉಂಡಿ ಕಟ್ಟಿಕೊಂಡು ಬಂದು, ಕಿರಿಚಿ, ನಕ್ಕು, ತೊಟ್ಟಿಲು ಇಳಿಯಲೊಲ್ಲರು. ಗಾಲಿ ತಿರುಗಿಸುವ ಆಳುಗಳ ಅಂಗೈ ಬೊಬ್ಬೆ ಬಂದಿತ್ತು. ನಾನು ಗೆದ್ದೆ ಅಂದುಕೊಂಡೆ. ತಿಂಗಳು ಕಳೆಯುವುದರಲ್ಲಿ ಎಲ್ಲ ತಿರುವುಮುರುವು. ಸಂಸಾರ ಬರುತ್ತಿತ್ತು, ಆದರೆ ಹೆಂಗಸರು ಏರುತ್ತಿರಲಿಲ್ಲ. ಬೇವಿನ ಬುಡದಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತು, ಅರ್ಧ ತಾಸಿಗೆ "ಹೋಗೂಣು ನಡೀರಿ" ಎಂದು ಎದ್ದುಬಿಡುವರು. ಮುಂದಿನ ಸಲ ಗಂಡಸರು ಮಾತ್ರ ಬರುವರು. ಆಮೇಲೆ ಬೀಡಿ ಸೇದುವವರು. ಒಂದು ವರ್ಷ ಹೀಗೇ ನೂಕಿದೆ. ಎರಡನೆಯ ಪಂಚಮಿಯಲ್ಲಿ ಮತ್ತೆ ಅದೇ ಕಿರಿಚಾಟ, ಅದು ಮುಗಿದ ಮೇಲೆ ಮತ್ತೆ ಅದೇ ಬೇವಿನ ಬುಡ. ಸಾವ್ಕಾರರು ಜಿನ್ನಿನ ಗೋಡೆಯ ಆಚೆಯಿಂದ ಒಮ್ಮೆ ಇಣುಕಿ, ಬಿದ್ದ ಬೀಡಿ ತುಂಡು ಎಣಿಸಿಕೊಂಡು ಹೋದರು. ಆ ಎಣಿಕೆ ಎದೆಗೆ ನಾಟಿತು.

ಆಗ ನನಗೊಂದು ಯುಕ್ತಿ ಹೊಳೆಯಿತು. ಬಂದವರನ್ನೇ ಕೇಳೋಣ, ತೋಟ ಹೇಗಿದ್ದರೆ ಚೆಂದ ಎಂದು. ಬಾಗಿಲಿಗೆ ಬಿಸ್ಕೀಟಿನ ಖಾಲಿ ಡಬ್ಬಿ ತೂಗುಹಾಕಿ, ಚೀಟಿ ಬರೆದು ಹಾಕಿರಿ ಎಂದೆ. ನಾಲ್ಕು ದಿನದಲ್ಲಿ ಒಂದೇ ಚೀಟಿ ಬಿತ್ತು, ಅದೂ ಯಾರದೋ ಔಷಧದ ಚೀಟಿ. ಬರೆಯಲು ಬಾರದವರೇ ಹೆಚ್ಚು, ಬಾಯಲ್ಲಿ ಹೇಳಲಿ ಎಂದುಕೊಂಡೆ. ಪುಕ್ಕಟೆ ಯಾರು ಹೇಳುತ್ತಾರೆ? ನನ್ನ ಹೆಂಡತಿ ಅಲ್ಲೇ ಒಲೆ ಹೂಡಿ ಮಿರ್ಚಿ ಭಜಿ ಕರಿಯುತ್ತಿದ್ದಳು. ಒಂದು ಸಲಹೆಗೆ ಒಂದು ಮಿರ್ಚಿ ಎಂದು ಸಾರಿದೆ.

ಅಯ್ಯೋ, ನಮ್ಮ ಜನರ ತಲೆಯಲ್ಲಿ ಅಷ್ಟು ಬುದ್ಧಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಮುಳಗುಂದದ ಒಬ್ಬ, "ತ್ವಾಟ ಅಂತ ಬರ್ಸೀಯಲ್ಲ, ಗಿಡ ಎಲ್ಲಿ ಅದಾವು?" ಎಂದು ಕೇಳಿ ಮಿರ್ಚಿ ತಿಂದ. ನಾನು ಬಾಳೆ ಹಚ್ಚಿದೆ. ಡಂಬಳದ ಒಬ್ಬ, "ಬಾಳಿಗಿಡ ತಗಿ, ಆಡು ಬರ್ತಾವು" ಎಂದು ತಿಂದ. ಆಡು ಬಂದವು. ಲಕ್ಕುಂಡಿಯ ಹಿರಿಯರೊಬ್ಬರು ಗಾಲಿಗೆ ಕೆಂಪು ಬಣ್ಣ ಬಳಿ ಎಂದರು. ಬಳಿಸಿದೆ. ಅವರ ತಮ್ಮ ಹಸಿರು ಎಂದ, ಎರಡು ತೊಟ್ಟಿಲು ಹಸಿರಾದವು. ಮುಂಡರಗಿಯ ಒಬ್ಬ ಅಂತೂ ಮೂರು ಸಲ ಬಂದು, ಮೂರು ಸಲವೂ "ಕುದುರಿಗೆ ಕಿವಿ ಹಚ್ಚಸು" ಎಂದ.

"ಅದನ್ನ ನಿನ್ನೆನೂ ಹೇಳಿದ್ದಿಯಲ್ಲೋ ಮಾರಾಯ?" ಎಂದೆ.

"ನೀ ನಿನ್ನೆ ಹಚ್ಚಿದ್ರ ನಾ ಯಾಕ ಇವತ್ತ ಹೇಳ್ತಿದ್ದೆ? ತಾ ಮಿರ್ಚಿ."

ಒಬ್ಬ ಮಾಸ್ತರರು ಮಾತ್ರ ಮಿರ್ಚಿ ಒಲ್ಲೆ ಎಂದರು. "ಕನ್ನಡ ನಾಡು ಒಂದಾಗೂ ಹೊತ್ತು. ನಿಮ್ಮ ಹಲಗಿ ಮ್ಯಾಲೆ ಅಕ್ಷರ ಎಷ್ಟು ತಪ್ಪದಾವು ನೋಡ್ರಿ" ಎಂದು ತಾವೇ ಸುಣ್ಣ ತರಿಸಿ ತಿದ್ದಿದರು. ಹೋಗುವಾಗ ಎರಡು ಮಿರ್ಚಿ ತಿಂದರು.

ಇಷ್ಟೆಲ್ಲ ಮಾಡಿದರೂ ಒಬ್ಬ ಹೆಂಗಸೂ ತೊಟ್ಟಿಲು ಏರಲಿಲ್ಲ. ಪಾಡ್ಯಕ್ಕೆ ಹದಿನೈದು ದಿನ ಉಳಿದಿತ್ತು.

ಒಂದು ಸಂಜೆ ಆಡು ಓಡಿಸಿ ಬಂದು ಒಲೆಯ ಮುಂದೆ ಕುಸಿದೆ. "ಊರೆಲ್ಲಾ ಕೇಳಿದೆ, ಯಾರಿಗೂ ಇದರ ಗುಟ್ಟು ತಿಳೀವಲ್ದು" ಎಂದೆ.

ಹೆಂಡತಿ ಹಿಟ್ಟು ಕಲಸುತ್ತಿದ್ದವಳು ತಲೆ ಎತ್ತಲಿಲ್ಲ. "ಊರೆಲ್ಲಾ ಕೇಳಿದ್ರಿ. ಒಲಿ ಮುಂದ ಕುಂತಾಕಿನ ಕೇಳಿದ್ರೇನು?"

"ನಿನಗೇನ ಗೊತ್ತ?"

"ಗೊತ್ತಿಲ್ಲ ಬಿಡ್ರಿ. ಎರಡು ವರ್ಷಾತು, ನಾ ಒಮ್ಮೆರ ತೊಟ್ಟಿಲ ಏರಿದ್ದು ನೋಡೀರೇನು?"

ನೋಡಿರಲಿಲ್ಲ. ನೋಡಿಲ್ಲ ಎನ್ನುವುದೂ ಅವಳು ಹೇಳಿದ ಮೇಲೇ ಹೊಳೆಯಿತು. "ಯಾಕ, ಅಂಜಿಕೀನ?" ಎಂದೆ.

ಅವಳು ಗಲ್ಲದಿಂದಲೇ ಬಾಗಿಲ ಕಡೆ ತೋರಿಸಿದಳು. ಅಲ್ಲಿ ಕಟ್ಟೆಯ ಮೇಲೆ ನಮ್ಮವ್ವ ಕೂತಿದ್ದಳು. ಬಾಗಿಲು ಕಾಯುವ ಕೆಲಸ ಅವಳದು. ಅವಳ ಕಣ್ಣು ತಪ್ಪಿಸಿ ನೊಣ ಕೂಡ ಪುಕ್ಕಟೆ ಒಳಗೆ ಬರುತ್ತಿರಲಿಲ್ಲ.

"ಜೋಕಾಲಿ ತವರಮನ್ಯಾಗ ಆಡೂದು" ಎಂದಳು ಹೆಂಡತಿ. "ಪಂಚಮಿಗೆ ಬಂದಾವ್ರೆಲ್ಲಾ ಅಪ್ಪ, ಅಣ್ಣನ ಜೋಡಿ ಬಂದಿದ್ರು, ಆಡಿದ್ರು. ಈಗ ಬರೋರು ಅತ್ತಿ, ಮಾವನ ಜೋಡಿ ಬರ್ತಾರ. ಮಾವ ಕೆಳಗ ನಿಂತಿರ್ಬೇಕು, ಸೊಸಿ ಕಾಲು ಅವನ ತಲಿ ಮ್ಯಾಲೆ ಹಾದು ಹೋಗ್ಬೇಕು, ಸೀರಿ ಗಾಳಿಗೆ ಹಾರ್ಬೇಕು. ಯಾವಾಕಿ ಏರ್ತಾಳ್ರೀ? ನೀವು ಗಾಲಿಗೆ ಬಣ್ಣಾ ಬಳೀರಿ."

ಹೆಂಗಸರ ಮನಸ್ಸು ತಿಳಿದವನು ಎಂದೆನಲ್ಲ, ಆ ಮನುಷ್ಯ ಎದ್ದು ಹೆಂಡತಿಗೆ ಬಾವಿಯ ನೀರು ಸೇದಿ ತಂದಿಟ್ಟ. ಹಿತ್ತಲ ಬಾಗಿಲಿಗೆ ಒಬ್ಬೊಬ್ಬರೇ ಬಂದು ಕನ್ನಡಿ ಕೊಂಡ ಹೆಂಗಸರನ್ನು ಕಂಡಿದ್ದೆ. ಅತ್ತೆಯ ಪಕ್ಕದಲ್ಲಿ ಕೂತವಳನ್ನು ಕಂಡಿರಲಿಲ್ಲ. ಅಂಗಡಿ ಇಡುವವರಿಗೆ ಒಂದು ಮಾತು ಹೇಳುತ್ತೇನೆ: ಸರಕು ಬೇಡದವನು ಹತ್ತು ಸಲಹೆ ಕೊಡುತ್ತಾನೆ, ಬೇಕಾದವಳು ಸೆರಗು ಸರಿಮಾಡಿಕೊಂಡು ಎದ್ದುಹೋಗುತ್ತಾಳೆ. ನೀವು ಕೇಳಬೇಕಾದ್ದು ಅವಳನ್ನು.

ಅವ್ವನ ಹತ್ತಿರ ಹೋಗುವಾಗ ಚೌಕಾಸಿಗೆ ಹೋದ ಹಾಗೇ ಹೋದೆ. ಪಕ್ಕದಲ್ಲಿ ಕೂತೆ, ಎಲೆ ಮಡಚಿ ಕೊಟ್ಟೆ, ಸುಮ್ಮನಿದ್ದೆ. ಅವಳ ಮುಂದೆ ನನ್ನ ವಿದ್ಯೆ ನಡೆಯುವುದಿಲ್ಲ, ಅವಳಿಂದಲೇ ಕಲಿತದ್ದು. ಅವಳೂ ಸುಮ್ಮನಿದ್ದಳು. ಕಡೆಗೆ ನಾನೇ ಸೋತೆ.

"ಅವ್ವಾ, ನಿನ್ನ ಸೊಸಿ ತೊಟ್ಟಿಲ ಏರಿದ್ರ ನಿನಗ ಸಿಟ್ಟ ಬರ್ತೈತೇನು?"

"ನಾ ಯಾವಾಗ ಏರಬ್ಯಾಡ ಅಂದೇನಿ?"

"ಏರು ಅಂತನೂ ಅಂದಿಲ್ಲಲ್ಲ."

ಅವಳು ಎಲೆ ಅಗಿಯುವುದು ನಿಲ್ಲಿಸಿದಳು. "ನನಗ ಯಾರ ಅಂದಿದ್ರು, ತಮ್ಮಾ?" ಎಂದಳು. ಸಿಟ್ಟಿನಿಂದಲ್ಲ, ಲೆಕ್ಕ ಮರೆತವರು ನೆನಪಿಸಿಕೊಳ್ಳುವ ಹಾಗೆ. "ಲಗ್ನಾಗಿ ಈ ಮನಿಗಿ ಬಂದಮ್ಯಾಲೆ ನಾ ಜೋಕಾಲಿ ಮ್ಯಾಲೆ ಕುಂತಿದ್ದೇ ನೆನಪಿಲ್ಲ. ತವರಿಗೆ ಕರಿಯಾಕ ಬರೂ ಅಣ್ಣ ಮೊದಲ ವರ್ಷನ ತೀರಿಕೊಂಡ."

ಈ ಮಾತು ನನಗೆ ಗೊತ್ತಿರಲಿಲ್ಲ. ಸೋದರಮಾವ ಒಬ್ಬ ಇದ್ದ ಎಂದಷ್ಟೇ ಗೊತ್ತಿತ್ತು.

ಅವ್ವ ಬಾಯಿ ಒರೆಸಿಕೊಂಡು ಎಂದಿನ ದನಿಗೆ ಬಂದಳು. "ಒಂದ ಕೆಲಸಾ ಮಾಡು. ಅತ್ತಿಗೋಳನ್ನ ಮೊದಲ ಏರಸು, ಬಾಜೂಕ ಸೊಸೀನ ಕುಂಡರಸು. ಇಬ್ರೂ ಕೂಡೇ ಮ್ಯಾಲೆ ಹೋದ್ರಂದ್ರ ಯಾರು ಯಾರ ತಲಿ ಮ್ಯಾಲೆ?"

"ಮಾವಗೋಳು?"

"ಅವರಿಗೆ ಆಕಡೆ ಮಾರಿ ಮಾಡಿ ಕುಂಡ್ರೂ ಹಂಗ ಏನರ ಹೂಡು. ಗಂಡಸರು ಹರಟೀಗೆ ಕುಂತ್ರಂದ್ರ ಬೆನ್ನಿಗೆ ಬೆಂಕಿ ಹತ್ತಿದ್ರೂ ತಿರಗಂಗಿಲ್ಲ."

ಅದನ್ನು ಹೂಡುವುದು ಕಷ್ಟವಾಗಲಿಲ್ಲ. ನಾಡಿನಲ್ಲಿ ಆಗ ಒಂದೇ ಸುದ್ದಿ. ಹೊಸ ರಾಜ್ಯ ಹೇಗೆ, ನಮ್ಮ ಕಾಗದಪತ್ರ ಇನ್ನು ಯಾವ ಊರಿಗೆ ಹೋಗಬೇಕು, ಮುಂಬೈ ಬಿಟ್ಟರೆ ಹತ್ತಿಯ ರೇಟು ಏನಾಗುತ್ತದೆ. ಆಚೆಯ ಬೇವಿನ ಸುತ್ತ ಮಣ್ಣಿನ ಕಟ್ಟೆ ಕಟ್ಟಿಸಿ, ಗಾಲಿಗೆ ಬೆನ್ನು ಬರುವ ಹಾಗೆ ಕಂಬಳಿ ಹಾಸಿದೆ. ನಡುವೆ ಹಳೆಯ ತಾಡಪತ್ರಿ ಬಟ್ಟೆಯ ಪರದೆ ಎಳೆಸಿದೆ. ಮಾಸ್ತರರನ್ನು ಕರೆದು, ದಿನಾ ಸಂಜೆ ಪತ್ರಿಕೆ ಗಟ್ಟಿಯಾಗಿ ಓದಬೇಕು ಎಂದೆ. "ದೇಶಸೇವಾ ಇದು. ಮಿರ್ಚಿ ಬ್ಯಾಡ" ಎಂದರು. ಮಿರ್ಚಿ ಕಳಿಸಿದೆ, ಚಹಾನೂ ಕಳಿಸಿದೆ.

ರಾಜ್ಯ ಒಂದಾದ ದಿನ ಊರಿಗೆ ಊರೇ ಹೊರಗೆ ಬಿದ್ದಿತ್ತು. ಮಾವಂದಿರು ಕಟ್ಟೆ ತುಂಬಿ ಕೂತರು. ಮಾಸ್ತರರು ಒಂದು ಸಾಲು ಓದಿದರೆ ಅವರು ಹತ್ತು ಸಾಲು ವಾದಿಸುವರು. ಈಚೆ ಬೇವಿನ ಬುಡದಲ್ಲಿ ಹೆಂಗಸರು ಎಂದಿನಂತೆ ಗಂಟು ಇಟ್ಟುಕೊಂಡು ಕೂತಿದ್ದರು. ನಾನು ಕರೆದರೆ ಯಾರೂ ಏಳಲಿಲ್ಲ. ಸಾವ್ಕಾರರೂ ಮನೆಮಂದಿಯ ಜೊತೆ ಬಂದು, ಬಾಗಿಲಲ್ಲೇ ನಿಂತಿದ್ದರು.

ಅವ್ವ ಬಾಗಿಲ ಕಟ್ಟೆ ಇಳಿದಳು. ಸೀದಾ ಒಲೆಯ ಹತ್ತಿರ ಹೋಗಿ, "ಏ ಯವ್ವಾ, ಹಿಟ್ಟಿನ ಕೈ ತೊಳ್ಕೊ. ನನಗ ಒಬ್ಬಾಕಿಗೆ ಅಂಜಿಕಿ ಬರ್ತೈತಿ, ಬಾಜೂಕ ಕುಂಡ್ರು ಬಾ" ಎಂದಳು. ಎಲ್ಲರಿಗೂ ಕೇಳುವ ಹಾಗೆ ಅಂದಳು. ಅವಳಿಗೆ ಅಂಜಿಕೆಯೇ? ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ಕೈ ತೊಳೆದುಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ ಹೋದಳು.

ಹಸಿರು ತೊಟ್ಟಿಲು ಮೇಲಕ್ಕೆ ಹೋಯಿತು. ಮೊದಲ ಸುತ್ತಿಗೆ ಅವ್ವ ಸೊಸೆಯ ಮೊಣಕೈ ಗಟ್ಟಿಯಾಗಿ ಹಿಡಿದಿದ್ದಳು. ಎರಡನೆಯದಕ್ಕೆ ಬಿಟ್ಟಳು. ಮೂರನೆಯದಕ್ಕೆ, "ಜೋರ ತಿರಗಸ್ರೋ, ಉಂಡಿಲ್ಲೇನು?" ಎಂದು ಆಳುಗಳನ್ನು ಬಯ್ದಳು. ಬೇವಿನ ಬುಡದಲ್ಲಿ ನಗು ಎದ್ದಿತು. ಆಮೇಲೆ ಒಬ್ಬ ಅತ್ತೆ ಎದ್ದಳು, ಅವಳ ಹಿಂದೆ ಸೊಸೆ. ಮತ್ತೊಂದು ಜೋಡಿ. ಪರದೆಯ ಆಚೆ ಮಾವಂದಿರು ಬಳ್ಳಾರಿ ಸೀಮೆಯಲ್ಲಿ ಯಾವ ಊರು ಕೈಬಿಟ್ಟು ಹೋದವು ಎಂಬ ಮಾತಿಗೆ ಬಿಸಿಯಾಗಿದ್ದರು, ಒಬ್ಬನೂ ತಿರುಗಲಿಲ್ಲ. ಸಾವ್ಕಾರರೂ ಆ ವಾದ ಕೇಳಿ ತಡೆಯಲಾರದೆ ಹೋಗಿ ಕಟ್ಟೆಯ ಮೇಲೆ ಕೂತರು. ಅವರ ಮನೆಯಾಕೆ ತಮ್ಮ ಅತ್ತೆಯ ಜೊತೆ ಕೆಂಪು ತೊಟ್ಟಿಲು ಏರಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಪಾಡ್ಯದ ದಿನ ಎಲೆ-ಅಡಿಕೆ ಹಿಡಿದು ಅವರ ಮನೆಗೆ ಹೋದೆ. ಅವರು ಹೊಸ ಖಾತೆ ಪುಸ್ತಕಕ್ಕೆ ಕುಂಕುಮ ಹಚ್ಚುತ್ತಿದ್ದರು. ಕಡೆಗೆ, "ಹತ್ತಿ ಅಂಡಿಗಿ ಜಿನ್ನಿನ ಮುಂದ ಒಟ್ಟತೇನಿ. ನಮ್ಮವ್ವ ನಿನ್ನ ಗಾಲಿ ಮುಟ್ಟಬ್ಯಾಡ ಅಂದಾಳ. ಅಕಿಗೆ ಆ ಗಾಲಿ ಸುದ್ದಿ ಹೆಂಗ ಗೊತ್ತು ಅಂತೇನಿ" ಎಂದು ನನ್ನ ಮುಖ ನೋಡಿದರು.

"ಹಿರ್‍ಯಾರಿಗೆ ಎಲ್ಲಾ ಗೊತ್ತಿರ್ತೈತ್ರಿ" ಎಂದು ಕೈಮುಗಿದು ಬಂದೆ.

ಬಂದು ಹೇಳಿದಾಗ ಅವ್ವ, "ಹೂಂ" ಎಂದು ತನ್ನ ಬಾಗಿಲ ಕಟ್ಟೆಗೆ ಹೋದಳು. ಹೆಂಡತಿ ಮಾತ್ರ ಬಾಣಲೆ ಇಳಿಸಿ, "ನಂದೂ ಒಂದು ಸಲಹಾ ಐತ್ರಿ" ಎಂದಳು.

"ಹೇಳು."

"ಮ್ಯಾಲೆ ಹೋದಾಗ ಒಂದೀಟ ನಿಂದ್ರಸ್ರಿ. ಅಲ್ಲಿಂದ ಕಪ್ಪತಗುಡ್ಡ ಕಾಣತೈತಿ. ಅತ್ತಿ ಅದನ್ನ ನೋಡಿ ನನಗೇನೋ ಹೇಳಾಕ ಹತ್ತಿದ್ರು. ಅಷ್ಟರಾಗ ನಿಮ್ಮ ಆಳುಗೋಳು ಕೆಳಗ ತಂದಬಿಟ್ರು."

ಅವ್ವನ ತವರು ಗುಡ್ಡದ ಆಚೆ, ಡಂಬಳದ ಕಡೆ. ಅಂದಿನಿಂದ ನಮ್ಮ ಗಾಲಿ ಪ್ರತಿ ಸುತ್ತಿಗೆ ಮೇಲೆ ಹೋದವರನ್ನು ಇಪ್ಪತ್ತು ಎಣಿಸುವಷ್ಟು ಹೊತ್ತು ನಿಲ್ಲಿಸಿಯೇ ಕೆಳಗೆ ತರುತ್ತಿತ್ತು. ಆಳುಗಳು ಕೈನೋವು ಎಂದು ಗೊಣಗಿದರು, ನಾನು ಕೇಳಲಿಲ್ಲ. ಆ ಹೊತ್ತು ಹೆಂಡತಿಯೇ ಕರಿದ ಮಿರ್ಚಿಯಲ್ಲಿ ದೊಡ್ಡದೊಂದನ್ನು ಆರಿಸಿ ಅವಳ ಕೈಗೆ ಕೊಟ್ಟೆ. "ಉಪ್ಪು ಕಮ್ಮಿ ಆಗೇತಿ" ಎಂದಳು. ಅದಕ್ಕೂ ಒಂದು ಕೊಟ್ಟೆ.