ಕತ್ತೆ ಕೊರೆದ ಕಚ್ಚು

ಗಂಗಾರಾಮನ ಬಗ್ಗೆ ಬರೆಯಲು ನನಗಿಂತ ಅಯೋಗ್ಯ ಮನುಷ್ಯ ಅಂಕಲಿಯಲ್ಲಿ ಸಿಗಲಿಕ್ಕಿಲ್ಲ. ಆರು ವರ್ಷ ಅವನ ಮೇಲೆ ಹೊಟ್ಟೆ ಉರಿದುಕೊಂಡವನು ನಾನು. ಆದರೆ ಅವನ ಬಗ್ಗೆ ನನ್ನಷ್ಟು ಗೊತ್ತಿರುವವನೂ ಇನ್ನೊಬ್ಬನಿಲ್ಲ. ಅವನು ಎಷ್ಟು ಹೊತ್ತಿಗೆ ಶೆಡ್ಡಿನ ಬಾಗಿಲು ತೆಗೆಯುತ್ತಾನೆ, ಇವತ್ತು ಯಾರ ಎಂಜಿನ್ ಬಂದಿದೆ, ಅದು ಯಾವ ಊರಿನದು, ಎಲ್ಲ ನನಗೆ ಬಾಯಿಪಾಠ. ಪ್ರೀತಿಸುವವರೂ ಇಷ್ಟು ವಿಚಾರಿಸುವುದಿಲ್ಲ.

ನಾನು ಸಮ್ಮೇದ. ಚಿಕ್ಕೋಡಿ ರಸ್ತೆಯಲ್ಲಿ ‘ಜಯಪಾಲ ಎಂಜಿನ್ ವರ್ಕ್ಸ್’ ಎಂಬ ಬೋರ್ಡು ಕಾಣುತ್ತದಲ್ಲ, ಅದು ನನ್ನದು. ಜಯಪಾಲ ನನ್ನ ಅಪ್ಪ, ಈಗಿಲ್ಲ. ಹೊಳೆಯ ದಂಡೆಯಲ್ಲಿ ಕರೆಂಟು ಬರುವ ಮೊದಲು ಪೆಟ್ರೋಲು, ಸೀಮೆಎಣ್ಣೆಯ ವಿಲಾಯತಿ ಎಂಜಿನ್‌ಗಳು ನೀರು ಎತ್ತುತ್ತಿದ್ದ ಕಾಲದಲ್ಲಿ ಅಪ್ಪನನ್ನು ಬಿಟ್ಟರೆ ಅವಕ್ಕೆ ಕೈ ಹಚ್ಚುವವರಿರಲಿಲ್ಲ. ನಾನು ಐಟಿಐ ಕಲಿತವನು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ಗಂಗಾರಾಮನ ಗೋಡೆಗೆ ತೂಗುಹಾಕಲು ಏನೂ ಇಲ್ಲ. ಅವನು ಚಿಂಚಲಿ ಕಡೆಯ ಕುರಿ ಕಾಯುವ ಮನೆತನದವನು. ಅವ್ವ ಹೊಳೆವ್ವನ ಜತೆ ಹೊಲದಿಂದ ಹೊಲಕ್ಕೆ ಕುರಿ ನಿಲ್ಲಿಸುತ್ತ ತಿರುಗಿದವನು. ನಿಪ್ಪಾಣಿಯ ಹಳೆ ಕಬ್ಬಿಣದ ಮೋಡಕಾ ಅಂಗಡಿಯಲ್ಲಿ ತೂಕಕ್ಕೆ ಬಿದ್ದಿದ್ದ ಒಂದು ಔಷಧ ಹೊಡೆಯುವ ಎಂಜಿನ್ನನ್ನು ಮರಿ ಮಾರಿದ ದುಡ್ಡಿನಲ್ಲಿ ತಂದು, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತನಂತೆ. ಈಗಲೂ ಶೆಡ್ಡಿನ ಹಿಂದೆ ಐದು ಕುರಿ ಕಟ್ಟಿದ್ದಾನೆ. ಹೆಂಡತಿ ಭಾಗ್ಯಾ ಮೇವು ಹಾಕುತ್ತಾಳೆ, ಇವನು ಎಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಾನೆ.

ಅವನ ರೀತಿಯೇ ನನಗೆ ಸಿಟ್ಟು ತರಿಸುತ್ತಿತ್ತು. ಯಾರಾದರೂ ಹಳೆಯ ಎಂಜಿನ್ ಹೊತ್ತು ತಂದರೆ, “ಇದ ಏನ್ ಕೆಲಸಾ ಮಾಡತಿತ್ರಿ? ಅದನ್ನೂ ತರ್ರಿ” ಅನ್ನುತ್ತಿದ್ದ. ಪಂಪು, ಕರಗಸ, ಗಿರಣಿ, ಆ ಎಂಜಿನ್ ಏನನ್ನು ತಿರುಗಿಸುತ್ತಿತ್ತೋ ಅದೆಲ್ಲ ಅವನಿಗೆ ಬೇಕು. ಹಳೆಯ ಬಣ್ಣ ಕೆರೆಯುವುದಿಲ್ಲ, ಹೊಸ ಬಣ್ಣ ಬಳಿಯುವುದಿಲ್ಲ. ನಾನಾದರೆ ಫಳಫಳ ಹೊಳೆಯುವಂತೆ ಮಾಡಿ ಕಳಿಸುವವನು. ಆದರೂ ತೆಲಸಂಗದಿಂದ, ಕಾಗವಾಡದಿಂದ ಬಂದ ಜನ ನನ್ನ ಬೋರ್ಡು ಓದಿ, ನನ್ನ ಎದುರೇ ದಾರಿ ಕೇಳಿ, ಅವನ ಶೆಡ್ಡಿಗೆ ಹೋಗುತ್ತಿದ್ದರು. “ಕುರಿ ಕಾಯಾಂವಗ ಕಾರ್ಬೊರೇಟರ್ ಏನ್ ತಿಳಿತೈತಿ” ಎಂದು ಚಹದಂಗಡಿಯಲ್ಲಿ ಹೇಳಿಕೊಂಡು ತಿರುಗಿದವನು ನಾನೇ. ಹೇಳುವಾಗ ನಾಚಿಕೆಯೂ ಆಗಲಿಲ್ಲ.

“ಉಣ್ಣಾಗರ ಅವನ ಹೆಸರ ಬಿಡ್ರಿ. ರೊಟ್ಟಿ ಆರಾಕತ್ತಾವ” ಎಂದು ಹೆಂಡತಿ ಲಕ್ಷ್ಮಿಬಾಯಿ ಎಷ್ಟೋ ಸಲ ಗದರಿದ್ದಳು.

ಹೋದ ವರ್ಷ ದಸರೆಗೆ ಮೂರು ವಾರ ಇದ್ದಾಗ ವಿರುಪಾಕ್ಷಪ್ಪನವರು ನನ್ನನ್ನು ಕರೆಸಿದರು. ಹೊಳೆಯ ದಂಡೆಯಲ್ಲಿ ಕಬ್ಬಿನ ದೊಡ್ಡ ಜಮೀನು ಅವರದು. ಮೊಮ್ಮಗ ರೋಹನ ಹಳೆಯ ದನದ ಕೊಟ್ಟಿಗೆ ಹಸನು ಮಾಡಿಸುವಾಗ ಗೋಣಿಚೀಲಗಳ ಕೆಳಗೆ ಅವರ ಮನೆಯ ಮೊದಲ ಎಂಜಿನ್ ಸಿಕ್ಕಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಸಣ್ಣ ವಿಲಾಯತಿ ಎಂಜಿನ್. ಪಕ್ಕದಲ್ಲೇ ಅದು ತಿರುಗಿಸುತ್ತಿದ್ದ, ದನದ ಮೇವಿಗೆ ಜೋಳದ ದಂಟು ಅಂದರೆ ಕಣಿಕೆ ಕತ್ತರಿಸುವ ಮಷೀನು, ನಡುವೆ ಎರಡನ್ನೂ ಜೋಡಿಸುವ, ಒಣಗಿ ಸೆಟೆದ ಪಟ್ಟಾ.

“ಖಂಡೇಪೂಜಿಗೆ ಇದ ಚಾಲೂ ಆಗಬೇಕ ನೋಡ ಸಮ್ಮೇದಾ. ಮಾಡಿದವಗ ಪಟಗಾ ಸುತ್ತತೀನಿ” ಎಂದರು ವಿರುಪಾಕ್ಷಪ್ಪ.

ಆ ಪಟಗಾದ ಸಂಗತಿ ಹೇಳಲೇಬೇಕು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಆ ಎಂಜಿನ್‌ಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅದನ್ನು ಚಾಲೂ ಮಾಡಿದ ಮಿಸ್ತ್ರಿಯ ತಲೆಗೆ ಯಜಮಾನರೇ ಪಟಗಾ ಸುತ್ತುವುದು ಆ ಮನೆಯ ರೂಢಿಯಾಗಿತ್ತು. ಎಂಜಿನ್ ಮೂಲೆ ಸೇರುವವರೆಗೂ ಪ್ರತಿವರ್ಷ ಅದು ನನ್ನ ಅಪ್ಪನ ತಲೆಯ ಮೇಲೆ ಕೂತಿತ್ತು. ಅಪ್ಪ ಅದನ್ನು ಸುತ್ತಿಕೊಂಡೇ ಮನೆಯವರೆಗೂ ನಡೆದು ಬರುತ್ತಿದ್ದ. ಆ ಪಟಗಾ ನನಗೆ ಬೇಕಾಗಿತ್ತು. ಬೇಕಾಗಿತ್ತು ಎನ್ನುವುದು ಸಣ್ಣ ಮಾತು. ಅದು ನನ್ನ ಆಸ್ತಿ ಎಂದೇ ತಿಳಿದಿದ್ದೆ.

ಮೂರು ವಾರ ಆ ಕೊಟ್ಟಿಗೆಯಲ್ಲೇ ಬಿದ್ದಿದ್ದೆ. ಕಾರ್ಬೊರೇಟರ್ ತೊಳೆದೆ, ಹೊಸ ಪ್ಲಗ್ ಹಾಕಿದೆ, ಕಿಡಿ ಹುಟ್ಟಿಸುವ ಸುರುಳಿಗೆ ಹೊಸ ತಂತಿ ಸುತ್ತಿಸಿದೆ, ರಿಂಗು ಬದಲಿಸಿದೆ. ಕಿಡಿಯ ಅಯಸ್ಕಾಂತ ಹೊತ್ತ ದೊಡ್ಡ ಚಕ್ರ ಕಳಚಿದಾಗ ಮಾತ್ರ ಒಂದು ವಿಚಿತ್ರ ಕಂಡಿತು. ಚಕ್ರ ಜಾರದಂತೆ ಎಂಜಿನ್ನಿನ ತಿರುಗುವ ದಂಡಕ್ಕೆ ಹಿಡಿದಿಡುವ ಸಣ್ಣದೊಂದು ಕಬ್ಬಿಣದ ಕೀ ಇರುತ್ತದೆ. ಅದು ಕೂರಲು ಚಕ್ರದಲ್ಲಿ ಒಂದೇ ಕಚ್ಚು ಇರಬೇಕು. ಇದರಲ್ಲಿ ಎರಡಿದ್ದವು. ಒಂದು ಕಂಪನಿಯದು, ನೀಟಾಗಿತ್ತು. ಇನ್ನೊಂದು ಯಾರೋ ಕೈಯಿಂದ ಅರ ತಿಕ್ಕಿ ಕೊರೆದದ್ದು, ಒರಟು. ಕೀ ಆ ಒರಟು ಕಚ್ಚಿನಲ್ಲಿ ಕೂತಿತ್ತು.

“ಯಾವ ಕತ್ತಿ ಕೊರದೈತೋ ಇದನ್ನ!” ಎಂದೆ. ಕತ್ತೆಯ ಮಾತಿಗೆ ರೋಹನ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಕೀಯನ್ನು ಕಂಪನಿಯ ಕಚ್ಚಿಗೆ ಕೂರಿಸಿ, ಚಕ್ರಕ್ಕೆ ಬಣ್ಣ ಹೊಡೆದೆ.

ಎಂಜಿನ್ ಚಾಲೂ ಆಗಲಿಲ್ಲ. ಹಗ್ಗ ಸುತ್ತುವ ಗಾಲಿಯ ಕೊಕ್ಕೆ ಒಂದೇ ದಿಕ್ಕಿಗಿತ್ತು, ಆ ದಿಕ್ಕಿಗೇ ಸುತ್ತಿ ಎಳೆದೆ. ಕೆಮ್ಮಿತು, ಬೆಂಕಿ ಉಗುಳಿತು, ಹಗ್ಗವನ್ನು ಹಿಂದಕ್ಕೆ ಜಗ್ಗಿ ನನ್ನ ಮಣಿಕಟ್ಟು ತಿರುಚಿತು. ಹಬ್ಬಕ್ಕೆ ಒಂದೇ ದಿನ ಉಳಿದಾಗ ವಿರುಪಾಕ್ಷಪ್ಪನವರು ನನ್ನ ಮುಖ ನೋಡದೆ ಮೊಮ್ಮಗನಿಗೆ ಹೇಳಿದರು: “ಗಂಗಾರಾಮನ್ನ ಕರಕೊಂಡ ಬಾ.”

ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಅವನು ಸೋಲುವುದನ್ನು ಕಣ್ಣಾರೆ ನೋಡಬೇಕಿತ್ತು. ಅವನ ಕೈಯಲ್ಲೂ ಅದು ಚಾಲೂ ಆಗದಿರಲಿ ಎಂದು ಪದ್ಮಾವತಿ ತಾಯಿಗೆ ಬೇಡಿಕೊಂಡೆ. ಅಂಥದನ್ನೆಲ್ಲ ದೇವರ ಹತ್ತಿರ ಕೇಳಬಾರದು, ಗೊತ್ತು. ಕೇಳಿದೆ.

ಗಂಗಾರಾಮ ಬಂದ. ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಕಣಿಕೆ ಮಷೀನಿನ ಮುಂದೆ ಕೂತ, ಬ್ಲೇಡಿನ ಅಂಚನ್ನು ಉಗುರಿನಿಂದ ಸವರಿದ. ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ವಿರುಪಾಕ್ಷಪ್ಪನವರ ತಾಯಿ, ತೊಂಬತ್ತರ ಹತ್ತಿರದ ಕಸ್ತೂರೆವ್ವನನ್ನು ಕೇಳಿದ: “ಆಯಿ, ಕಣಿಕಿ ಯಾ ಕಡಿಂದ ಹಾಕತಿದ್ರಿ? ತುಂಡು ಎತ್ಲಾಗ ಬೀಳತಿದ್ವು?”

ಮುದುಕಿ ಎದ್ದು ಬಂದಳು. ಕೈಯಲ್ಲಿ ಇಲ್ಲದ ಕಣಿಕೆಯನ್ನು ಹಿಡಿದು ನೂಕಿದಳು. “ಇಲ್ಲಿಂದ ಹಾಕತಿದ್ವಿ ತಮ್ಮಾ, ತುಂಡು ಅತ್ಲಾಗ, ಗ್ವಾಡಿ ಕಡಿಗಿ.”

ಮೂರು ವಾರ ಆಕೆಯ ಮನೆಯ ಚಹ ಕುಡಿದಿದ್ದೆ. ಒಂದು ಮಾತು ಕೇಳಿರಲಿಲ್ಲ.

ಗಂಗಾರಾಮ ಚಕ್ರ ಕಳಚಿದ. ಎರಡೂ ಕಚ್ಚುಗಳನ್ನು ಬೆರಳಿಂದ ಮುಟ್ಟಿ ನೋಡಿದ. ಕಂಪನಿಯ ಕಚ್ಚಿನ ಮೂಲೆಗಳಲ್ಲಿ ನಾನು ತಿಕ್ಕಿದರೂ ಹೋಗದ ಜಂಗಿತ್ತು. ಒರಟು ಕಚ್ಚಿನ ಒಳಮೈ ಸವೆದು ನುಣ್ಣಗಾಗಿತ್ತು. ಅವನು ಕೀಯನ್ನು ಒರಟು ಕಚ್ಚಿಗೆ ಮರಳಿ ಇಟ್ಟು ಚಕ್ರ ಬಿಗಿದ, ಹಗ್ಗ ಸುತ್ತಿದ. ಎರಡನೇ ಎಳೆತಕ್ಕೆ ಎಂಜಿನ್ ಹಿಡಿಯಿತು. ನೀಲಿ ಹೊಗೆ ಮೇಲೆದ್ದಿತು, ಕಸ್ತೂರೆವ್ವ ಮಗುವಿನಂತೆ ಚಪ್ಪಾಳೆ ತಟ್ಟಿದಳು.

ತೊಳೆದವನು ನಾನು, ತಂತಿ ಸುತ್ತಿಸಿದವನು ನಾನು, ಮೂರು ವಾರ ಬೆನ್ನು ಮುರಿದುಕೊಂಡವನು ನಾನು. ಅವನು ಮಾಡಿದ್ದು ಒಂದು ಕೀಯ ಜಾಗ ಬದಲಿಸಿದ್ದು.

ಮರುದಿನ ಪೂಜೆಗೆ ಹೋದೆ. ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆ. ಹೊಸ ಪಟ್ಟಾ ಹಾಕಿದ್ದರು. ಕಣಿಕೆಯ ತುಂಡುಗಳು ಗೋಡೆಯ ಕಡೆಗೆ ಬಿದ್ದವು. ವಿರುಪಾಕ್ಷಪ್ಪನವರು ಗುಲಾಬಿ ಪಟಗಾ ಬಿಚ್ಚಿ ಗಂಗಾರಾಮನ ತಲೆಗೆ ಸುತ್ತತೊಡಗಿದರು. ಒಂದೊಂದು ಸುತ್ತನ್ನೂ ನೋಡುತ್ತ ನಿಂತೆ.

“ನಂದೇನೂ ಇಲ್ರಿ ಸಾವ್ಕಾರ್ರ,” ಎಂದ ಅವನು, ತಲೆ ಬಗ್ಗಿಸಿಕೊಂಡೇ. “ಈ ಕೊಟಗ್ಯಾಗ ಜಾಗಾ ಸಣ್ಣದು. ತುಂಡು ಗ್ವಾಡಿ ಕಡಿಗಿ ಬೀಳಬೇಕಂದ್ರ ಮಷೀನ ಉಲ್ಟಾ ತಿರಗಬೇಕು, ಪಟ್ಟಾ ತಿರುವಿ ಹಾಕಿದ್ರ ಕಳಚಿ ಬೀಳತೈತಿ. ಅದಕ್ಕ ಯಾರೋ ಶಾಣ್ಯಾ ಮನಿಶ್ಯಾ ಎಂಜಿನ್ನನ್ನ ಉಲ್ಟಾ ಓಡಸ್ಯಾನ. ಹಗ್ಗದ ಕೊಕ್ಕಿ ತಿರುವ್ಯಾನ, ಕಿಡಿ ಬರೂ ಹೊತ್ತ ಬದಲ ಮಾಡಾಕ ಹೊಸಾ ಕಚ್ಚ ಕೊರದಾನ. ಬರೀ ಅರದಿಂದ! ನನ್ನ ಕೈಲೆ ಆಗೂದಲ್ರಿ ಅದು.”

“ಜಯಪಾಲ ಅಂವಾ,” ಎಂದಳು ಕಸ್ತೂರೆವ್ವ. “ಇದ ಕಟ್ಟಿ ಮ್ಯಾಗ ಕುಂತು ಎರಡ ದಿನಾ ತಿಕ್ಕಿದಾ.”

ರೋಹನ ನನ್ನ ಕಡೆ ನೋಡಿ, “ಕಾಕಾ, ನೀವ ಅವತ್ತ ಕತ್ತಿ ಅಂದಿದ್ರೆಲ್ಲಾ...” ಎಂದು ಅಲ್ಲಿಗೇ ನಿಲ್ಲಿಸಿದ. ನಿಲ್ಲಿಸಿದ್ದು ಇನ್ನೂ ಕೆಟ್ಟದಾಯಿತು. ಕೂಡಿದ್ದ ಮಂದಿಯೆಲ್ಲ ನನ್ನ ಮುಖ ನೋಡಿದರು.

ಚಪ್ಪಲಿ ಮೆಟ್ಟಿ ಹೊರಟೆ. ಗಂಗಾರಾಮ ಪಟಗಾ ಸುತ್ತಿಕೊಂಡೇ ಹಿಂದೆ ಓಡಿ ಬಂದ. ಸಮಾಧಾನದ ಮಾತು ಆಡಿದರೆ ಹೊಡೆಯಬೇಕು ಎಂದುಕೊಂಡಿದ್ದೆ.

“ಅಣ್ಣಾರ, ಒಂದ ಮಾತ. ಸಿಟ್ಟಾಗಬ್ಯಾಡ್ರಿ,” ಎಂದ. “ನನಗ ನಿಮ್ಮ ಮ್ಯಾಗ ಭಾಳ ಹೊಟ್ಟಿಕಿಚ್ಚ ಐತ್ರಿ. ಆ ಕಚ್ಚ ಕೊರದಾಂವ ಯಾರಿರಬೇಕಂತ ನಿನ್ನಿ ರಾತ್ರಿ ನಿದ್ದಿ ಇಲ್ಲ. ಅಂಥಾ ಮನಿಶ್ಯಾನ ಬಾಜೂಕ ಕುಂತ ಬೆಳದೀರಿ ನೀವು. ನಾ ಯಾರನ್ನೂ ನೋಡಿ ಕಲತಿಲ್ಲ. ಅವರ ಸಾಮಾನು ಏನರ ಉಳದಾವೇನ್ರಿ? ಒಮ್ಮಿ ತೋರಸ್ತೀರೇನು?”

ನನ್ನ ಮೇಲೆ ಒಬ್ಬ ಹೊಟ್ಟೆಕಿಚ್ಚು ಪಡುವುದು ಎಷ್ಟು ಹಿತವಾಗಿರುತ್ತದೆ ಎಂದು ಎಷ್ಟೋ ಸಲ ಊಹಿಸಿದ್ದೆ. ಹಿತವಾಗಲಿಲ್ಲ. ಅವನನ್ನು ಅಂಗಡಿಗೆ ಕರೆದುಕೊಂಡು ಹೋದೆ.

ಅಪ್ಪನ ತಗಡಿನ ಪೆಟ್ಟಿಗೆ ಮೂಲೆಯಲ್ಲಿತ್ತು. ಅವನು ಪಟಗಾ ತೆಗೆದು ಮಗ್ಗುಲಲ್ಲಿಟ್ಟು, ಒಂದೊಂದೇ ಸಾಮಾನು ಎತ್ತಿ ನೋಡಿ ಅದರದರ ಜಾಗದಲ್ಲೇ ಇಡುತ್ತ ಹೋದ. ಕೊನೆಗೆ, “ಸಪೂರ ಅರ ಒಂದ ಇರಬೇಕಲ್ರಿ? ಆ ಕಚ್ಚ ಕೊರದದ್ದು? ಈ ಅಗಲದ್ದು” ಎಂದು ಬೆರಳಲ್ಲಿ ಅಳತೆ ತೋರಿಸಿದ.

ಅದು ಪೆಟ್ಟಿಗೆಯಲ್ಲಿರಲಿಲ್ಲ. ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಕಿಟಕಿಯ ಮೇಲಿಂದ ತೆಗೆದು ಕೊಟ್ಟೆ. ಅದರ ತುದಿಗೆ ಹಸಿರು, ಕೆಂಪು, ಹಳದಿ ಬಣ್ಣ ಪದರ ಪದರವಾಗಿ ಒಣಗಿ ಕೂತಿತ್ತು. ಹತ್ತು ವರ್ಷದಿಂದ ನಾನು ಅದರಿಂದ ಬಣ್ಣದ ಡಬ್ಬಿಗಳ ಮುಚ್ಚಳ ತೆಗೆಯುತ್ತಿದ್ದೆ.