ಪಥ್ಯ ಒಬ್ಬಳದು, ರಿಪೋರ್ಟು ಇನ್ನೊಬ್ಬಳದು

ನನ್ನ ಇಬ್ಬರು ನಾದಿನಿಯರು ಅವಳಿಗಳು. ಒಬ್ಬಳು ಹುಟ್ಟಿ ಹತ್ತು ನಿಮಿಷಕ್ಕೆ ಇನ್ನೊಬ್ಬಳು ಹುಟ್ಟಿದಳಂತೆ. ಆ ಹತ್ತು ನಿಮಿಷವನ್ನೇ ಹಿಡಿದುಕೊಂಡು ಮನೆಯವರು ಒಬ್ಬಳನ್ನು ದೊಡ್ಡವಳು, ಇನ್ನೊಬ್ಬಳನ್ನು ಚಿಕ್ಕವಳು ಎಂದು ಕರೆದು, ದೊಡ್ಡವಳಿಗೆ ಹುಕುಂ ಮಾಡುವ ಅಧಿಕಾರವನ್ನೂ ಚಿಕ್ಕವಳಿಗೆ ತಲೆಯಾಡಿಸುವ ಕೆಲಸವನ್ನೂ ಹಂಚಿಬಿಟ್ಟಿದ್ದರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಯಾರು ಯಾರೆಂದು ತಿಳಿಯದೆ ಒಬ್ಬಳಿಗೇ ಎರಡು ಸಲ ಟೀ ಕೊಟ್ಟು ಇನ್ನೊಬ್ಬಳಿಂದ ಬೈಸಿಕೊಂಡಿದ್ದೇನೆ. ಬೈದವಳೇ ದೊಡ್ಡವಳು ಎಂದು ಗುರುತು ಹಿಡಿಯಲು ಕಲಿತದ್ದು ಆಗಲೇ.

ನಾನು ಹೇಳಹೊರಟಿರುವುದು ಚಿಕ್ಕವಳ ಕಥೆ. ಇದರಲ್ಲಿ ಅರ್ಧ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆದರೂ ನಡೆದ ಕ್ರಮದಲ್ಲೇ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೂ ಅವರ ಮುಖದಂತೆಯೇ ಗೊಂದಲವಾಗುತ್ತದೆ.

ಚಿಕ್ಕವಳು ಕೆಲಸ ಮಾಡುವುದು ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಎರಡು ಬಿಸಿ ಉರುಳೆಗಳ ನಡುವಿನಿಂದ ಬೆಡ್‌ಶೀಟು ಹೊರಬರುತ್ತದೆ. ಇವಳೊಂದು ಮೂಲೆ, ಎದುರಿನವಳೊಂದು ಮೂಲೆ ಹಿಡಿದು ಮಡಿಸಿ ಪೇರಿಸಬೇಕು. ಕೈ ಸ್ವಲ್ಪ ಮುಂದೆ ಹೋದರೆ ಬೆರಳು ಸುಡುತ್ತದೆ, ಹಿಂದೆ ಉಳಿದರೆ ಬಟ್ಟೆ ನೆಲಕ್ಕೆ. ದೊಡ್ಡವಳದು ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ. ಮುರಿದ ಬಿಸ್ಕತ್ತು, ಅಂಚು ಸೀದ ಕೇಕು ಅಲ್ಲಿ ಕೆಲಸದವರ ಪಾಲು. ದೊಡ್ಡವಳ ಬಾಯಿ ಬೆಳಗಿನಿಂದ ಸಂಜೆಯವರೆಗೆ ಆಡುತ್ತಲೇ ಇರುತ್ತಿತ್ತು, ಮಾತಿಗಾಗಲಿ ತಿನ್ನುವುದಕ್ಕಾಗಲಿ. ಇಬ್ಬರೂ ಮದುವೆ ಬೇಡವೆಂದು ಒಟ್ಟಿಗೇ ಹಟ ಹಿಡಿದವರು. ಒಂದೇ ಕೋಣೆಯಲ್ಲಿ, ಎದುರುಬದುರು ಮಂಚದಲ್ಲಿ ಮಲಗುತ್ತಾರೆ.

ಸಕ್ಕರೆ ಕಾಯಿಲೆ ನನ್ನ ಮಾವನ ಕಡೆಯಿಂದ ಬಂದದ್ದು. ಜಗಳವಿಲ್ಲದೆ ಪಾಲಾಗುವ ಪಿತ್ರಾರ್ಜಿತ ಆಸ್ತಿ ಈ ಮನೆಯಲ್ಲಿ ಅದೊಂದೇ. ಮಾವನ ತಾಯಿಗಿತ್ತು, ಮಾವನಿಗೂ ಬಂತು. ಅವರು ವರ್ಷಗಟ್ಟಲೆ ಮಾತ್ರೆಯನ್ನು ದಿಂಬಿನ ಕೆಳಗಿಟ್ಟು ಉಡಾಫೆ ಮಾಡಿದರು, ಕೊನೆಗೆ ಇನ್ಸುಲಿನ್ ಸೂಜಿ ಶುರುವಾಯಿತು, ವರ್ಷದೊಳಗೆ ಕಾಲು ತೆಗೆದರು, ಹೆಚ್ಚು ದಿನ ಉಳಿಯಲಿಲ್ಲ. ಹೆಣ್ಣುಮಕ್ಕಳಿಬ್ಬರೂ ಕಂಡದ್ದು ಇಷ್ಟೇ: ಸೂಜಿ ಬಂತು, ಕಾಲು ಹೋಯಿತು. ಸೂಜಿ ತಡವಾಗಿ ಬಂದದ್ದೇ ತಪ್ಪು ಎಂದು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ.

ನಮ್ಮತ್ತೆಯ ನಂಬಿಕೆಯೆಲ್ಲ ಕಷಾಯದ ಮೇಲೆ. ಕಹಿ ಎಲೆ, ಯಾವುದೋ ಚಕ್ಕೆ, ರಾತ್ರಿ ನೆನೆಹಾಕಿದ ಬೀಜ, ಎಲ್ಲವನ್ನೂ ಕುದಿಸಿ ಬತ್ತಿಸಿ ಬೆಳಿಗ್ಗೆ ಲೋಟದಲ್ಲಿ ಕೊಡುತ್ತಿದ್ದರು. "ನೋಡು, ನಾನು ದಿನಾ ಕುಡೀತೀನಿ, ನನಗೆ ಬಂದಿಲ್ಲ" ಎನ್ನುವುದು ಅವರ ವಾದ. ಅತ್ತೆ ಹೊರಗಿನಿಂದ ಬಂದ ಹೆಣ್ಣು, ಅವರ ರಕ್ತವೇ ಬೇರೆ ಎಂದು ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡಿದ್ದೇನೆ. ನಾನೂ ಆ ಮನೆಯಲ್ಲಿ ಬಾಳಬೇಕಲ್ಲ. ನಲವತ್ತು ದಾಟಿದ ಮೇಲೆ ಕಾಯಿಲೆ ಬಂದದ್ದು ದೊಡ್ಡವಳಿಗೆ, ಆದರೆ ಕಷಾಯ ಇಬ್ಬರಿಗೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾನು ನಕ್ಕರೆ, ಚಿಕ್ಕವಳು ಮೂಗು ಹಿಡಿದು ಗಟಗಟ ಕುಡಿದು ಕೆಲಸಕ್ಕೆ ಹೊರಡುತ್ತಿದ್ದಳು.

ಡಾಕ್ಟರಮ್ಮನ ಬಳಿಗೆ ಅಕ್ಕನ ಜೊತೆ ಹೋದಾಗ ಚಿಕ್ಕವಳು ತನ್ನ ಗತಿಯೇನೆಂದು ಕೇಳಿದ್ದಳಂತೆ. ಇಂಥ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವ ಸಂಭವ ಹೆಚ್ಚು, ಊಟದ ಹಿಡಿತ ಮತ್ತು ನಡಿಗೆ ಅದನ್ನು ಮುಂದಕ್ಕೆ ತಳ್ಳುತ್ತವೆ, ಅಳಿಸಿಹಾಕುವುದಿಲ್ಲ ಎಂದರು. ಕಷಾಯ ಕುಡಿಯುವುದಾದರೆ ತಮಗೆ ಹೇಳಿ ಕುಡಿಯಿರಿ, ಅದನ್ನು ನಂಬಿ ಮಾತ್ರೆ ಮಾತ್ರ ಬಿಡಬೇಡಿ ಎಂದೂ ಸೇರಿಸಿದರು. ಆಮೇಲೆ ದೊಡ್ಡವಳ ಕಡೆ ತಿರುಗಿ, ಮುಂದಿನ ಟೆಸ್ಟಿನಲ್ಲೂ ಸಕ್ಕರೆ ಇಳಿಯದಿದ್ದರೆ ಸೂಜಿಯೇ ಗತಿ ಎಂದರು.

ಟೆಸ್ಟಿನ ಹಿಂದಿನ ದಿನ ದೊಡ್ಡವಳು ತಂಗಿಯ ಮಂಚದ ಮೇಲೆ ಬಂದು ಕುಳಿತಳು. ಯಾವತ್ತೂ ಹುಕುಂ ಮಾಡುವವಳು ಅಂದು ಅಳುತ್ತಿದ್ದಳಂತೆ.

"ನಿನ್ನ ಮುಖ ನನ್ನ ಮುಖ ಒಂದೇ ಅಲ್ವಾ. ನನ್ನ ಆಸ್ಪತ್ರೆ ಕಾರ್ಡ್ ತಗೊಂಡು ಹೋಗಿ ರಕ್ತ ಕೊಟ್ಟು ಬಾ. ಒಂದೇ ಒಂದು ಸಲ. ಅಷ್ಟರಲ್ಲಿ ನಾನು ಬಾಯಿ ಕಟ್ಟಿ ಎಲ್ಲಾ ಸರಿ ಮಾಡ್ಕೊಳ್ತೀನಿ."

ಚಿಕ್ಕವಳು ತಲೆಯಾಡಿಸಿದಳು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸವೇ ಅದು. ಲ್ಯಾಬಿನವನು ಕಾರ್ಡಿನ ಫೋಟೋ ನೋಡಿದ, ಮುಖ ನೋಡಿದ, ಸೂಜಿ ಚುಚ್ಚಿದ. ರಿಪೋರ್ಟು ಅಚ್ಚುಕಟ್ಟಾಗಿ ನಾರ್ಮಲ್ ಬಂತು. ಡಾಕ್ಟರಮ್ಮ ಖುಷಿಯಾಗಿ ಮಾತ್ರೆ ಕಡಿಮೆ ಮಾಡಿದರು. ನಿಮ್ಮ ತಂಗಿಗೂ ಒಮ್ಮೆ ಟೆಸ್ಟ್ ಮಾಡಿಸಿ ಎಂದು ಅವರು ಹೇಳಿದ್ದಕ್ಕೆ, ಅವಳದು ಯಾವಾಗಲೂ ನಾರ್ಮಲ್ಲೇ ಎಂದಳಂತೆ ದೊಡ್ಡವಳು. ಆ ಧೈರ್ಯಕ್ಕೆ ಏನೆನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ಒಂದು ಸಲ ಎನ್ನುವುದು ಅಲ್ಲಿಗೆ ನಿಲ್ಲಲಿಲ್ಲ. ಮೂರು ತಿಂಗಳಿಗೊಮ್ಮೆ ಟೆಸ್ಟು, ಪ್ರತಿ ಟೆಸ್ಟಿಗೂ ಚಿಕ್ಕವಳ ತೋಳು. ಕಷಾಯ ಗೆದ್ದಿತೆಂದು ಅತ್ತೆ ಬೀದಿಗೆಲ್ಲ ಸಾರಿದರು. ಅಕ್ಕಪಕ್ಕದವರು ಬಾಟಲಿ ಹಿಡಿದು ಬರತೊಡಗಿದರು. ಪಕ್ಕದ ಮನೆಯಾಕೆ ಬಿಪಿ ಮಾತ್ರೆಯನ್ನೇ ಬಿಟ್ಟು, ಅತ್ತೆಯ ಲೋಟವನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದರು.

ಚಿಕ್ಕವಳಿಗೆ ಭಯ ಶುರುವಾದದ್ದು ಆಗ. ತಾನೊಂದು ಬನ್ ತಿಂದರೂ ರಿಪೋರ್ಟಿನಲ್ಲಿ ಕಂಡು ಅಕ್ಕನಿಗೆ ಸೂಜಿ ಬೀಳುತ್ತದೆ ಎಂದು ಬಾಯಿ ಕಟ್ಟಿದಳು. ಅನ್ನ ಹಿಡಿಯಷ್ಟು, ಸಿಹಿ ಇಲ್ಲವೇ ಇಲ್ಲ, ಬಸ್ಸು ಬಿಟ್ಟು ನಡೆದೇ ಕೆಲಸಕ್ಕೆ. ಲಾಂಡ್ರಿಯಲ್ಲಿ ಯಾರದೋ ಬೀಳ್ಕೊಡುಗೆಗೆ ಕೇಕು ಕೊಟ್ಟರೆ ಕಾಗದದಲ್ಲಿ ಸುತ್ತಿ ಮನೆಗೆ ತಂದಳು. ಅದನ್ನು ದೊಡ್ಡವಳು ತಿಂದು ಬೆರಳು ನೆಕ್ಕಿದಳು. ಬಾಯಿ ಕಟ್ಟುತ್ತೇನೆಂದ ಮಾತು ಎಂದೋ ಗಾಳಿಗೆ ಹೋಗಿತ್ತು, ರಿಪೋರ್ಟು ಚೆನ್ನಾಗಿ ಬರುತ್ತಿರುವಾಗ ಯಾರು ತಾನೇ ಬಾಯಿ ಕಟ್ಟುತ್ತಾರೆ? "ನಿನಗೇನೇ ರೋಗ, ಹೀಗೆ ಒಣಗ್ತಿದೀಯ" ಎಂದು ನಾನು ಚಿಕ್ಕವಳನ್ನು ಗೇಲಿ ಮಾಡಿದರೆ, ಏನಿಲ್ಲ ಅತ್ತಿಗೆ, ಸುಮ್ಮನೆ ಎನ್ನುತ್ತಿದ್ದಳು.

ಈ ನಡುವೆ ದೊಡ್ಡವಳು ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು. ಮೈ ಇಳಿಯಿತು. ತೂಕ ಇಳಿದದ್ದು ಒಳ್ಳೆಯದೇ ಎಂದುಕೊಂಡರು ಎಲ್ಲರೂ. ಅವಳ ಹೆಬ್ಬೆರಳಿನ ಬಳಿ ಚಪ್ಪಲಿ ಕಚ್ಚಿದ ಗಾಯ ಮಾಯದೆ ಕಪ್ಪಾಗುತ್ತಿರುವುದನ್ನು ಕಂಡವಳು ಎದುರು ಮಂಚದವಳು ಮಾತ್ರ. ಇನ್ನು ನನ್ನಿಂದಾಗದು, ಹೇಳಿಬಿಡುತ್ತೇನೆ ಎಂದು ಚಿಕ್ಕವಳು ಎಷ್ಟೋ ಸಲ ಹಟ ಹಿಡಿದಳು. ಈಗ ನಿಜವಾದ ರಕ್ತ ಕೊಟ್ಟರೆ ಸೀದಾ ಆಸ್ಪತ್ರೆಗೇ ಹಾಕುತ್ತಾರೆ, ಅಪ್ಪನಂತೆ ನನ್ನ ಕಾಲೂ ಹೋಗಲಿ ಅಂತಲಾ ಎಂದು ದೊಡ್ಡವಳು ಕೈ ಹಿಡಿದು ಕೇಳುತ್ತಿದ್ದಳು. ಹೇಳಿದರೆ ಅಕ್ಕನನ್ನು ಸೂಜಿಗೆ ಒಪ್ಪಿಸಿದಂತೆ, ಹೇಳದಿದ್ದರೆ ಕಣ್ಣೆದುರೇ ಕಾಲು ಕೊಳೆಯುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದಳು ನನ್ನ ಚಿಕ್ಕವಳು. ಲಾಂಡ್ರಿಯಲ್ಲಿ ಒಂದು ದಿನ ಕೈ ಹಿಂದೆಗೆಯುವುದನ್ನೇ ಮರೆತು ಎರಡು ಬೆರಳು ಸುಟ್ಟುಕೊಂಡು ಬಂದಳು, ನೋವು ಕೂಡ ಗೊತ್ತಾಗಲಿಲ್ಲ ಎಂದಳು.

ಮುಂದಿನ ರಿಪೋರ್ಟು ಬಂದ ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ಕಷಾಯಕ್ಕೆ ಎಲೆ ಬಿಡಿಸುತ್ತಿದ್ದರು. ದೊಡ್ಡವಳು ಲಕೋಟೆ ಹರಿದು ಓದಿದವಳೇ ತಂಗಿಯ ಮೇಲೆ ಹಾರಿದಳು.

"ಏನು ತಿಂದು ಹೋಗಿದ್ದೆ? ನಿಜ ಹೇಳು. ಒಂದು ದಿನ ಬಾಯಿ ಕಟ್ಟೋಕಾಗಲ್ವಾ ನಿನಗೆ?"

"ಏನೂ ತಿಂದಿಲ್ಲ."

"ಮತ್ತೆ ಹೇಗೆ ಬಂತು ಇಷ್ಟು? ಇದು ಹಿಂದಿನ ದಿನ ತಿಂದಿದ್ದರ ಲೆಕ್ಕ ಅಲ್ಲ, ಮೂರು ತಿಂಗಳ ಸರಾಸರಿ ಬೇರೆ ಬರೆದಿದಾರೆ, ಅದೂ ಜಾಸ್ತಿ."

ಹೇಳುತ್ತಾ ಹೇಳುತ್ತಾ ದೊಡ್ಡವಳ ದನಿ ಇಳಿಯಿತು. ಅತ್ತೆ ತಲೆ ಎತ್ತಿ, ನಿನ್ನ ರಿಪೋರ್ಟಿಗೆ ಅವಳನ್ನು ಯಾಕೆ ಬೈತೀಯ ಎಂದು ಕೇಳಿದರು. ಚಿಕ್ಕವಳು ರಿಪೋರ್ಟನ್ನು ಅಕ್ಕನ ಕೈಯಿಂದ ತೆಗೆದುಕೊಂಡು ತಾನೇ ಓದಿದಳು.

"ಅದು ನನ್ನ ರಕ್ತ ಅಮ್ಮ. ವರ್ಷದಿಂದ ನಾನೇ ಕೊಡ್ತಿದೀನಿ."

ಒಲೆಯ ಮೇಲೆ ಕಷಾಯ ಉಕ್ಕುತ್ತಿತ್ತು, ಅದನ್ನು ಇಳಿಸಬೇಕೆಂದು ನನಗೂ ತೋಚಲಿಲ್ಲ. ಅತ್ತೆ ಬಯ್ಯಲಿಲ್ಲ, ಅಳಲಿಲ್ಲ. ಇಬ್ಬರನ್ನೂ ನೋಡಿ ಒಂದೇ ಮಾತು ಕೇಳಿದರು.

"ಹಾಗಾದ್ರೆ ದೊಡ್ಡವಳದು ಎಷ್ಟಿದೆ?"

ಯಾರಿಗೂ ಗೊತ್ತಿರಲಿಲ್ಲ. ದೊಡ್ಡವಳಿಗೂ ಗೊತ್ತಿರಲಿಲ್ಲ. ಅವಳು ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಳ್ಳುವುದು ಕಂಡು ನಾನು ಬಗ್ಗಿ ನೋಡಿದೆ. ಹೆಬ್ಬೆರಳು ಬುಡದವರೆಗೂ ಕಪ್ಪಾಗಿತ್ತು. ಅತ್ತೆ ಎದ್ದು ಪಕ್ಕದ ಮನೆಗೆ ಹೋಗಿ, ನಿನ್ನ ಮಾತ್ರೆ ನುಂಗು ತಾಯಿ, ನನ್ನ ಮಾತು ಕೇಳಬೇಡ ಎಂದು ಹೇಳಿ ಬಂದರು. ಅಷ್ಟರಲ್ಲಿ ನಾನೂ ನನ್ನ ಗಂಡನೂ ಆಟೋ ಕರೆದಿದ್ದೆವು.

ಆಸ್ಪತ್ರೆಯಲ್ಲಿ ದೊಡ್ಡವಳ ಬೆರಳಿಗೆ ಚುಚ್ಚಿ ನೋಡಿದ ಪುಟ್ಟ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, ಅದರ ಅಳತೆಗೂ ಮೀರಿದೆ ಎಂದರು. ಡಾಕ್ಟರಮ್ಮ ಬಂದು, ಅವಳಿಗಳಿಬ್ಬರನ್ನೂ ಅಕ್ಕಪಕ್ಕ ನೋಡಿ, ನಾವು ಹೇಳುವ ಮೊದಲೇ ಅರ್ಥ ಮಾಡಿಕೊಂಡರು. ಬೈಗುಳ ಆಮೇಲೆ ಇದೆ, ಮೊದಲು ಕೆಲಸ ಎಂದು ಅಂದೇ ಸೂಜಿ ಶುರು ಮಾಡಿದರು. ಹೆಬ್ಬೆರಳು ಉಳಿಯುವುದು ಕಷ್ಟ, ಪಾದ ಉಳಿಸಲು ನೋಡುತ್ತೇವೆ ಎಂದರು. ದೊಡ್ಡವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ತಂಗಿಯ ಕೈ ಮಾತ್ರ ಬಿಡಲಿಲ್ಲ.

ಬೆಳಿಗ್ಗೆ ಚಿಕ್ಕವಳಿಗೂ ಹೊಸ ಕಾರ್ಡು ಮಾಡಿಸಿದೆವು. ತನ್ನ ಹೆಸರು, ತನ್ನದೇ ಫೋಟೋ. ಅವಳು ಅದನ್ನು ಹಿಡಿದುಕೊಂಡು ಲ್ಯಾಬಿನ ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಳು. ಬೇಗ ಗೊತ್ತಾಗಿದೆ, ನಿನಗೆ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದೆ, ಹೆದರಬೇಡ ಎಂದೆ. ಅದೇನೂ ಸುಳ್ಳಲ್ಲ. ಒಳಗಿನಿಂದ ಅವಳ ಹೆಸರು ಕೂಗಿದರು. ಎದ್ದವಳು ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು.

"ಅವಳ ಬದಲಿಗೆ ನಾನು ಹೋಗ್ತಿದ್ದೆ ಅತ್ತಿಗೆ. ನನ್ನ ಬದಲಿಗೆ ಯಾರು ಹೋಗ್ತಾರೆ?"