ಯಮನೂರ ಎಳೆದ ಗೆರೆ

ಕುಷ್ಟಗಿಯಲ್ಲಿ ಅಂಜುಬುರುಕರಿಗೆ ಬರವಿಲ್ಲ. ಆದರೆ ಯಮನೂರನಷ್ಟು ಪ್ರಾಮಾಣಿಕವಾಗಿ ಅಂಜುವವನನ್ನು ಹುಡುಕಿಯೇ ತರಬೇಕು. ಉಳಿದ ಗಂಡಸರು ಅಂಜಿದಾಗ ಮೀಸೆ ತಿರುವಿ, ಕೆಮ್ಮಿ, ಬೇರೆ ಮಾತು ತೆಗೆಯುತ್ತಾರೆ. ಇವನು ಹಾಗಲ್ಲ. ನಾಯಿ ಬೊಗಳಿದರೆ ಬೈಕು ತಿರುಗಿಸಿಕೊಂಡು ಬೇರೆ ಓಣಿಯಿಂದ ಬರುತ್ತಿದ್ದ. ಗುಡುಗಿದರೆ ತಾಯಿ ಮಾರೆವ್ವನ ಪಕ್ಕಕ್ಕೆ ಬಂದು ಕೂರುತ್ತಿದ್ದ. ಹೆಣ್ಣಿನ ಕಡೆಯವರು ನೋಡಲು ಬಂದಾಗ ಮೈಮೇಲೆ ಹಲ್ಲಿ ಬಿತ್ತೆಂದು ಎದ್ದು ಓಡಿದವನು ಅವರು ಬಸ್ಸು ಹತ್ತುವ ತನಕ ಮನೆಗೆ ಬರಲಿಲ್ಲ. ಅಲ್ಲಿಗೆ ಮದುವೆಯ ಮಾತೂ ನಿಂತಿತು. ಹೆದರಿದವರ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ಅಂಥ ದಿನವೊಂದು ಇವನ ಪಾಲಿಗೇ ಬರಬೇಕೆ?

ಮೊದಲು ಅವನು ಕೈಬೋರು ರಿಪೇರಿ ಮಾಡುತ್ತಿದ್ದ. 2012ರ ಹೊತ್ತಿಗೆ ಕುಷ್ಟಗಿಯ ಒಂದು ಸಣ್ಣ ಸಂಸ್ಥೆ ಅವನನ್ನು ಕೆಲಸಕ್ಕೆ ತೆಗೆದುಕೊಂಡಿತು. ಈ ಕಡೆಯ ನೆಲದ ನೀರಿನಲ್ಲಿ ಫ್ಲೋರೈಡು. ಮಕ್ಕಳ ಹಲ್ಲು ಕಂದುಗಟ್ಟುತ್ತವೆ, ದುಡಿಯುವ ವಯಸ್ಸಿನಲ್ಲೇ ಮೊಣಕಾಲು ಸೊಟ್ಟಗಾಗುತ್ತವೆ. ಊರೂರು ತಿರುಗಿ ನೀರು ಪರೀಕ್ಷೆ ಮಾಡಿ, ಕೆಟ್ಟ ಬೋರಿಗೆ ಕೆಂಪು ಬಣ್ಣ ಬಳಿದು, ಅಂಗೈಯಗಲದ ಜಿಪಿಎಸ್ ಯಂತ್ರದಲ್ಲಿ ಆ ಜಾಗದ ಗುರುತು ಹಾಕಿಕೊಂಡು ಬರುವುದು ಯಮನೂರನ ಕೆಲಸ. ಆಫೀಸಿನಲ್ಲಿ ವಿರುಪಣ್ಣ ಎಂಬ ತರುಣ ಆ ಗುರುತುಗಳನ್ನು ಇಂಟರ್‌ನೆಟ್ಟಿನ ನಕಾಶೆಗೆ ಏರಿಸುತ್ತಿದ್ದ. ಯಾವ ಪಂಚಾಯಿತಿಯವರು ಬೇಕಾದರೂ ತೆರೆದು, ತಮ್ಮೂರಿನ ಯಾವ ನೀರು ಕುಡಿಯಬಾರದೆಂದು ನೋಡಿಕೊಳ್ಳಬಹುದಿತ್ತು.

ಯಂತ್ರದ ಮೂಲೆಯಲ್ಲಿ ಒಂದು ಹಸಿರು ದೀಪ. ಅದು ಉರಿಯುವಷ್ಟು ಹೊತ್ತೂ ಯಂತ್ರ ತಾನು ಹೋದ ದಾರಿಯನ್ನು ತಾನೇ ಬರೆದುಕೊಳ್ಳುತ್ತದೆ. ಬೋರಿನ ಹತ್ತಿರ ಚಾಲೂ ಮಾಡಿ, ಗುರುತು ಹಾಕಿ, ಬಂದ್ ಮಾಡಿಬಿಡು ಎಂದು ವಿರುಪಣ್ಣ ಹೇಳಿಕೊಟ್ಟಿದ್ದ. ಆದರೆ ಮಾರೆವ್ವನ ಶಾಸ್ತ್ರ ಬೇರೆ. ಹುಲಿಗೆಮ್ಮನ ಹರಕೆಗೆ ದೀಪ ಹೊತ್ತು ನಡೆದ ಹೆಂಗಸು ಅವಳು. ಮನೆಯಲ್ಲಿ ಹಚ್ಚಿಕೊಂಡು ಹೊರಟ ದೀಪವನ್ನು ದಾರಿಯಲ್ಲಿ ಆರಿಸಬಾರದು, ಮನೆಗೆ ಬಂದ ಮೇಲೆಯೇ ಶಾಂತ ಮಾಡಬೇಕು, ಇಲ್ಲದಿದ್ದರೆ ಹೊರಟವರು ತಿರುಗಿ ಬರುವುದಿಲ್ಲ ಎಂಬುದು ಅವಳು ಕಂಡುಂಡ ಸತ್ಯ. ಮೊದಲ ದಿನವೇ ಯಂತ್ರಕ್ಕೆ ಭಂಡಾರ ಹಚ್ಚಿ, ಹಸಿರು ದೀಪ ಹೊತ್ತಿಸಿಯೇ ಮಗನನ್ನು ಕಳಿಸಿದಳು. ಯಮನೂರ ಅದನ್ನು ಮೀರುವ ಆಸಾಮಿಯಲ್ಲ. ಬೆಳಿಗ್ಗೆ ಹೊಸ್ತಿಲಲ್ಲಿ ಹೊತ್ತಿದ ದೀಪ ಸಂಜೆ ಹೊಸ್ತಿಲಿಗೆ ಬಂದ ಮೇಲೆಯೇ ಶಾಂತವಾಗುತ್ತಿತ್ತು.

ಅವನಿಗೆ ಅನುಷಾ ಎಂಬ ತಂಗಿ. ಯಲಬುರ್ಗಿಯ ಸುಭಾಷನಿಗೆ ಕೊಟ್ಟಿದ್ದರು. ಅವನು ಅಲ್ಲಿಯ ಕಡೆ ಒಂದು ಹಳ್ಳಿಯ ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರು. ನಾಲ್ಕು ಜನರ ಮುಂದೆ ಬೆಣ್ಣೆಯಂಥ ಮಾತು, ಬಾಗಿಲು ಹಾಕಿದರೆ ಬೆಲ್ಟು. ಅನುಷಾ ಒಮ್ಮೆ ತವರಿಗೆ ಓಡಿ ಬಂದಾಗ ಹಿರಿಯರು ಕೂತು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿ ತಿರುಗಿ ಕಳಿಸಿದರು. ಆ ಗಾದೆ ಕಟ್ಟಿದವನ ಬೆನ್ನಿಗೆ ಯಾರೂ ಕುದಿಯುವ ಎಣ್ಣೆ ಸುರಿದಿರಲಿಲ್ಲ. ಎರಡನೆಯ ಸಲ ಅವಳು ಬಂದದ್ದು ಸುಟ್ಟ ಬೆನ್ನಿನೊಂದಿಗೆ. ಹಿಂದೆಯೇ ಸುಭಾಷನ ಮಾತೂ ಬಂತು: ಎಲ್ಲಿ ಅಡಗಿದರೂ ಹುಡುಕಿ ತೆಗೆಯುತ್ತೇನೆ, ಈ ಸಲ ಎಣ್ಣೆಯಲ್ಲ, ಸೀಮೆಎಣ್ಣೆ.

ಮಾರೆವ್ವ ಮಗಳನ್ನು ಸರ್ದಾರಬೀಯ ಹತ್ತಿರ ಬಿಟ್ಟಳು. ಇಬ್ಬರೂ ಹರೆಯದಲ್ಲಿ ಒಂದೇ ಸಾಲಿನಲ್ಲಿ ಕಳೆ ತೆಗೆದ ಗೆಳತಿಯರು. ಸರ್ದಾರಬೀ ಈಗ ಇಟಗಿಯ ಆಚೆ, ಊರಿಂದ ದೂರದ ಒಂದು ದಾಳಿಂಬೆ ತೋಟವನ್ನು ಕಾಯುತ್ತ ಅಲ್ಲಿಯ ಕೋಣೆಯಲ್ಲೇ ಇದ್ದಳು. ಈ ಜಾಗ ತಾಯಿ, ಮಗ, ಸರ್ದಾರಬೀ ಮೂವರಿಗೆ ಬಿಟ್ಟರೆ ಹೊರಗಿನ ನರಪಿಳ್ಳೆಗೂ ಗೊತ್ತಿರಲಿಲ್ಲ. ಆ ಕಡೆ ಕೆಲಸ ಬಿದ್ದಾಗಲೆಲ್ಲ, ಬೀಳದಿದ್ದಾಗಲೂ, ಯಮನೂರ ರೊಟ್ಟಿ ಬುತ್ತಿ, ಸುಟ್ಟ ಗಾಯದ ಮುಲಾಮು ಹಿಡಿದುಕೊಂಡು ಹೋಗಿ ಬರುತ್ತಿದ್ದ. ಹೋಗುವಾಗ ಮತ್ತೆ ಮತ್ತೆ ಹಿಂದೆ ನೋಡುತ್ತಿದ್ದ. ಕಿಸೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅವನು ಆಫೀಸಿಗೆ ಬಂದಾಗ ವಿರುಪಣ್ಣ ಖುಷಿಯಲ್ಲಿದ್ದ. ಅನೇಕ ಬೋರುಗಳಿಗೆ ರಸ್ತೆಯೇ ಇಲ್ಲವೆಂದು ಪಂಚಾಯಿತಿಯವರು ದೂರಿದ್ದರಿಂದ, ಯಂತ್ರಗಳು ಬರೆದುಕೊಂಡ ದಾರಿಯನ್ನೂ ನಕಾಶೆಗೆ ಹಾಕಿ ಅವತ್ತು ಬೆಳಿಗ್ಗೆ ಎಲ್ಲ ಪಂಚಾಯಿತಿಗಳಿಗೆ ಲಿಂಕು ಕಳಿಸಿದ್ದ. ನಿನ್ನ ಅಡ್ಡಾಟವೆಲ್ಲ ಹೇಗೆ ಕಾಣುತ್ತಿದೆ ನೋಡು ಎಂದು ನಕ್ಕು ಪರದೆ ತಿರುಗಿಸಿದ. ಸುತ್ತಲಿನ ತಾಲೂಕುಗಳ ತುಂಬ ತೆಳ್ಳಗಿನ ನೀಲಿ ಗೆರೆಗಳು. ಒಂದೊಂದು ಊರಿಗೆ ಒಮ್ಮೆ ಹೋಗಿ ಬಂದಿದ್ದವು. ಇಟಗಿಯ ಆಚೆ ಮಾತ್ರ ಗೆರೆಯ ಮೇಲೆ ಗೆರೆ ಬಿದ್ದು ಇರುವೆ ಸಾಲಿನಷ್ಟು ದಪ್ಪವಾಗಿ, ನೇರ ಹೋಗಿ ಒಂದು ತೋಟದ ಮೂಲೆಯಲ್ಲಿ ನಿಂತಿತ್ತು. ಅಲ್ಲಿ ಯಾವ ಬೋರಿನ ಗುರುತೂ ಇರಲಿಲ್ಲ.

ಸುಭಾಷ ಯಾರ ಬಾಗಿಲನ್ನೂ ಬಡಿಯಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ, ಯಮನೂರ ತಾನೇ ತಂಗಿಯ ತಲೆಯ ಮೇಲೆ ಬೆರಳಿಟ್ಟು ತೋರಿಸಿದ್ದನಲ್ಲ! ಅಷ್ಟರಲ್ಲಿ ಅವನ ಮೊಬೈಲು ಹೊಡೆದುಕೊಂಡಿತು. ಸುಭಾಷ.

"ಯಮನೂರಣ್ಣ, ನಿಮ್ಮ ಆಫೀಸಿಂದ ನಕಾಶಿ ಬಂದೈತಿ" ಎಂದಿತು ಆ ಬೆಣ್ಣೆಯ ದನಿ. "ನೀ ಅಡ್ಡಾಡಿದ್ದೆಲ್ಲಾ ಅದರಾಗ ಕಾಣ್ತೈತಂತ. ಇಲ್ಲಿ ಕರೆಂಟ್ ಹೋಗೇತಿ. ಬಂದ ಮ್ಯಾಲ ಕುಂತು ನೋಡ್ತೀನಿ."

ಅಷ್ಟೇ ಹೇಳಿ ಇಟ್ಟುಬಿಟ್ಟ. ನಿಜವಾಗಿಯೂ ಇನ್ನೂ ನೋಡಿಲ್ಲವೋ, ನೋಡಿ ದಾರಿಯಲ್ಲಿದ್ದುಕೊಂಡೇ ಇವನನ್ನು ಆಟ ಆಡಿಸುತ್ತಿದ್ದಾನೋ, ಯಾವ ದೇವರಿಗೆ ಗೊತ್ತು. ಯಮನೂರ ಸರ್ದಾರಬೀಗೆ ಫೋನು ಹಚ್ಚಿದ. ಸ್ವಿಚ್ ಆಫ್. ಮತ್ತೆ ಹಚ್ಚಿದ, ಮತ್ತದೇ. ತೋಟದಲ್ಲೂ ಕರೆಂಟ್ ಇಲ್ಲವೆಂದರೆ ಮೊಬೈಲು ಸತ್ತು ಬಿದ್ದಿರುತ್ತದೆ. ಬೈಕು ಹತ್ತಿ ಓಡಲು ಎದ್ದವನು ಬಾಗಿಲಲ್ಲೇ ನಿಂತ. ಕುಷ್ಟಗಿಯಿಂದ ಇಟಗಿಗೆ ಹೋಗಬೇಕಾದರೆ ಯಲಬುರ್ಗಿಯ ಕಡೆಯಿಂದಲೇ ಹೋಗಬೇಕು. ಸುಭಾಷ ದಾರಿಯ ಮೇಲೆ ಕೂತಿದ್ದರೆ ನಕಾಶೆಯೂ ಬೇಡ, ಅಣ್ಣನ ಬೆನ್ನು ಹತ್ತಿದರೆ ಸಾಕು. ಈಗ ತಾನು ಕಾಲಿಟ್ಟ ಕಡೆಯೆಲ್ಲ ಗೆರೆ ಬೀಳುತ್ತದೆ ಎಂದು ಅವನಿಗೆ ಹೊಳೆದು, ಗೋಡೆ ಹಿಡಿದು ಕೂತುಬಿಟ್ಟ.

ಕೂತಲ್ಲೇ ತೊದಲುತ್ತ ಎಲ್ಲವನ್ನೂ ವಿರುಪಣ್ಣನಿಗೆ ಹೇಳಿದ. ವಿರುಪಣ್ಣನ ಮುಖದ ನಗು ಇಳಿಯಿತು. ತಾನೂ ಒಂದು ಕೈ ಹಚ್ಚಿದ ತಪ್ಪಲ್ಲವೇ ಇದು. ಅವನು ಅವಸರದಿಂದ ನಕಾಶೆಯ ಫೈಲನ್ನು ತೆರೆದ. ಯಮನೂರ ಅದುವರೆಗೆ ನಕಾಶೆಯೆಂದರೆ ಚಿತ್ರವೆಂದು ತಿಳಿದಿದ್ದ. ನೋಡಿದರೆ ಬರೀ ಬರಹ. ಕೆಎಂಎಲ್ ಎಂದು ಅದರ ಹೆಸರಂತೆ, ಎಕ್ಸ್‌ಎಂಎಲ್ ಎಂಬ ಪದ್ಧತಿಯ ಬರವಣಿಗೆಯಂತೆ. ತೆರೆಯುವ ಗುರುತು, ಮುಚ್ಚುವ ಗುರುತು, ನಡುವೆ ಅಂಕಿಗಳ ಸಾಲು. ಒಂದೊಂದು ಸಾಲೂ ಅವನು ನಿಂತ ಒಂದೊಂದು ಜಾಗ. ಯಾವ ಕಂಪ್ಯೂಟರು ಬೇಕಾದರೂ ಓದಿಕೊಂಡು ಅದೇ ಗೆರೆ ಎಳೆಯಲಿ ಎಂದೇ ಹೀಗೆ ಬರೆಯುವುದು. ಗೆರೆ ಬೇಕಾದರೆ ಈಗಲೇ ಅಳಿಸುತ್ತೇನೆ ಎಂದ ವಿರುಪಣ್ಣ.

"ಅಳಿಸಿದ್ರ ಅವ ಹುಡುಕ್ತಾನ" ಎಂದ ಯಮನೂರ. "ಬ್ಯಾರೆ ಕಡೆ ತೋರಿಸಿದ್ರ ಅಲ್ಲಿಗೆ ಹೋಗ್ತಾನ."

ಅಂಜುಬುರುಕನ ತಲೆಗೆ ಇಂಥದ್ದು ಹೊಳೆಯುತ್ತದೆ. ಜೀವನವಿಡೀ ತಪ್ಪಿಸಿಕೊಳ್ಳುವ ದಾರಿಯನ್ನೇ ಹುಡುಕಿದವನಲ್ಲವೇ. ಕುಷ್ಟಗಿ ಮತ್ತು ಯಲಬುರ್ಗಿಯ ನಡುವೆ, ಗುಡ್ಡದ ಬುಡದಲ್ಲಿ, ಹಾಳು ಬಿದ್ದ ಪಂಪ್‌ಹೌಸಿನ ಪಕ್ಕ ಅವನೇ ಕೆಂಪು ಬಳಿದ ಒಂದು ಕೈಬೋರಿತ್ತು. ಅಲ್ಲಿಗೆ ಒಮ್ಮೆ ಮಾತ್ರ ಹೋಗಿದ್ದ. ವಿರುಪಣ್ಣ ಇಟಗಿಯ ಸಾಲುಗಳನ್ನೆಲ್ಲ ಕತ್ತರಿಸಿ ಒಗೆದು, ಆ ಕೆಂಪು ಬೋರಿನ ಸಾಲುಗಳನ್ನು ಮತ್ತೆ ಮತ್ತೆ ನಕಲು ಮಾಡಿ ಅಂಟಿಸಿದ. ಫೈಲು ಏರಿಸಿ ನೋಡಿದರೆ ಇಟಗಿ ಖಾಲಿ, ಗುಡ್ಡದ ಬುಡಕ್ಕೆ ದಪ್ಪ ಗೆರೆ. ಲಿಂಕು ತೆರೆದಾಗಲೆಲ್ಲ ಹೊಸದೇ ಬರುತ್ತದೆ ಎಂದ.

ಸುಭಾಷ ಮೊದಲಿನದನ್ನು ಆಗಲೇ ಇಳಿಸಿ ಇಟ್ಟುಕೊಂಡಿದ್ದರೆ ಎಂದು ಯಮನೂರ ಕೇಳಿದ.

"ಹಂಗಿದ್ರ ನಮ್ಮ ಕೈಯಾಗ ಏನೂ ಇಲ್ಲ" ಎಂದ ವಿರುಪಣ್ಣ.

ಸುಭಾಷನಿಗೆ ವಿರುಪಣ್ಣನ ಮುಖ ಗೊತ್ತಿರಲಿಲ್ಲ. ಆದ್ದರಿಂದ ಇಟಗಿಗೆ ಹೋಗಿ ಅನುಷಾಳನ್ನು ಹೊರಡಿಸುವ ಕೆಲಸ ಅವನದಾಯಿತು. ಆದರೆ ಕುಷ್ಟಗಿಯಿಂದ ಅದು ದೂರದ ಹಾದಿ, ಸುಭಾಷನ ಯಲಬುರ್ಗಿಯಿಂದ ಹತ್ತಿರ. ವಿರುಪಣ್ಣ ಮುಟ್ಟುವ ತನಕ ಸುಭಾಷನನ್ನು ಗುಡ್ಡದ ಬುಡದಲ್ಲೇ ಹಿಡಿದಿಡಲು ಅಲ್ಲೊಬ್ಬರು ಇರಬೇಕು. ಯಮನೂರ ಬೈಕಿನ ಕೀಲಿ ಕೈಗೆತ್ತಿಕೊಂಡ.

ಯಮನೂರ ಕೆಂಪು ಬೋರಿನ ಕಟ್ಟೆಯ ಮೇಲೆ ಹೋಗಿ ಕೂತಾಗ ಬಿಸಿಲು ಇಳಿಯುತ್ತಿತ್ತು. ಸುತ್ತ ಬಯಲು. ದೂರದಲ್ಲಿ ಕುರಿಯವರು ಹಟ್ಟಿ ಹಾಕಿಕೊಂಡಿದ್ದರು. ಬೈಕಿನ ಸದ್ದು ಕೇಳಿದಂತಾಗಿ ಎದ್ದು ನಿಂತ, ಗಾಳಿ. ಕುಡಿಯಬಾರದೆಂದು ಊರೂರಿಗೆ ಸಾರಿಕೊಂಡು ಬಂದವನು ಅದೇ ಕೆಂಪು ಬೋರನ್ನು ಜಗ್ಗಿ ಬೊಗಸೆ ಬೊಗಸೆ ನೀರು ಕುಡಿದ. ಓಡಿಹೋಗಬೇಕೆಂದು ಕಾಲು ಹೇಳುತ್ತಿದ್ದವು. ಕಾಲಿನ ಮಾತು ಮೀರಿ ಗೊತ್ತಿಲ್ಲದ ಮನುಷ್ಯ, ಅವತ್ತು ಮೀರಿ ಕೂತ.

ಹೊತ್ತು ಹೋದ ಹಾಗೆ ಭಯವೇ ಮಗ್ಗಲು ಬದಲಿಸಿತು. ಸುಭಾಷ ಇನ್ನೂ ಬರಲಿಲ್ಲ. ಬರಲಿಲ್ಲವೆಂದರೆ ಹಳೆಯ ಗೆರೆಯೇ ಅವನ ಕೈಯಲ್ಲಿದೆ. ಬರಲಿಲ್ಲವೆಂದರೆ ಅವನು ಇಟಗಿಯ ಹಾದಿ ಹಿಡಿದಿದ್ದಾನೆ, ತೋಟದ ಕೋಣೆಯಲ್ಲಿ ಒಬ್ಬ ಮುದುಕಿ, ಒಬ್ಬ ಗಾಯಗೊಂಡ ಹುಡುಗಿ, ಸತ್ತ ಮೊಬೈಲು. ಯಮನೂರ ಹಸಿರು ದೀಪದ ಯಂತ್ರವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಹುಲಿಗೆಮ್ಮನನ್ನೂ ತನ್ನ ಹೆಸರಿನ ಯಮನೂರ ಶರಣರನ್ನೂ ಕೂಗಿಕೊಂಡ. ಲೋಕದಲ್ಲಿ ತಾನು ಯಾರಿಗೆ ಎಲ್ಲರಿಗಿಂತ ಹೆಚ್ಚು ಅಂಜುತ್ತಾನೋ ಆ ಮನುಷ್ಯ ಬರಲಿ, ಇಲ್ಲಿಗೇ ಬರಲಿ, ಬೇಗ ಬರಲಿ ಎಂದು ಹರಕೆ ಹೊತ್ತ. ಇಂಥ ಹರಕೆ ಆ ದೇವರುಗಳೂ ಕೇಳಿರಲಿಕ್ಕಿಲ್ಲ.

ಸೂರ್ಯ ಗುಡ್ಡಕ್ಕೆ ತಾಗುವಾಗ ದಾರಿಯಲ್ಲಿ ಧೂಳೆದ್ದಿತು. ಬೈಕು ಬಂದು ನಿಂತಿತು. ಸುಭಾಷ ಒಂದು ಕೈಯಲ್ಲಿದ್ದ ಮೊಬೈಲನ್ನು ನೋಡಿ, ಪಂಪ್‌ಹೌಸನ್ನು ನೋಡಿ, ಹ್ಯಾಂಡಲ್ಲಿಗೆ ತೂಗುಹಾಕಿದ್ದ ಡಬ್ಬಿ ಬಿಚ್ಚಿಕೊಂಡು ಇಳಿದ. ಸೀಮೆಎಣ್ಣೆಯ ವಾಸನೆ ಕಟ್ಟೆಯ ತನಕ ಬಂತು.

ಯಮನೂರನ ಕಣ್ಣಲ್ಲಿ ದಳದಳ ನೀರು ಇಳಿಯಿತು.

"ಬಂದ್ಯಲ್ಲ ಸುಭಾಷ" ಎಂದ. "ಭಾಳ ಛಲೋ ಆತು."

ಸುಭಾಷ ಅದನ್ನು ಅಂಜಿದವನ ಬಡಬಡಿಕೆ ಎಂದುಕೊಂಡ. ಅವಳೆಲ್ಲಿ ಎಂದು ಕೇಳಿದ. ಕಟ್ಟಿಗೆ ಆರಿಸಲು ಗುಡ್ಡದ ಕಡೆ ಹೋಗಿದ್ದಾಳೆ, ಈಗ ಬರುತ್ತಾಳೆ ಎಂದ ಯಮನೂರ. ಅವನ ನಡುಕ ನೋಡಿದವರು ಯಾರಾದರೂ ಆ ಮಾತು ನಂಬಬೇಕು, ಸುಭಾಷನೂ ನಂಬಿ ಕೂತ. ಕೂತು, ತಾಳ್ಮೆ ಕೆಟ್ಟು, ಎದ್ದು ಪಂಪ್‌ಹೌಸಿನ ಬಾಗಿಲು ಒದ್ದ. ಒಳಗೆ ಬಾವಲಿಗಳು, ವರ್ಷಗಟ್ಟಲೆಯ ಕಸ. ಒಂದು ರೊಟ್ಟಿ ಸುಟ್ಟ ಗುರುತೂ ಇರಲಿಲ್ಲ. ಮೋಸ ತಿಳಿದದ್ದು ಆಗಲೇ. ಹೊರಗೆ ಬಂದವನು ಬೋರಿನ ಪಕ್ಕ ಬಿದ್ದಿದ್ದ ಕಬ್ಬಿಣದ ಪೈಪು ಎತ್ತಿಕೊಂಡ. ಮೊದಲ ಏಟು ಎಡಗೈಗೆ ಬಿದ್ದು ಎಲುಬು ಮುರಿಯಿತು. ಯಮನೂರ ಚೀರಿದ ಚೀರಿಗೆ ದೂರದ ಕುರಿಯವರು ಕಂಬಳಿ ಎಸೆದು ಓಡಿ ಬಂದರು. ಚೀರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅವತ್ತು ಅದೇ ಅವನ ಜೀವ ಉಳಿಸಿತು. ಅವರು ಸುಭಾಷನನ್ನು ಡಬ್ಬಿ ಸಮೇತ ಹಿಡಿದು ಕಟ್ಟಿದರು.

ಅಷ್ಟು ಹೊತ್ತಿಗೆ ವಿರುಪಣ್ಣ ಅನುಷಾಳನ್ನೂ ಸರ್ದಾರಬೀಯನ್ನೂ ಗಂಗಾವತಿಯ ಬಸ್ಸಿನಲ್ಲಿ ಕೂರಿಸಿಯಾಗಿತ್ತು. ಹೋಗಿದ್ದಾರೆ ಎಂಬ ಸುದ್ದಿ ಆಸ್ಪತ್ರೆಯಲ್ಲಿ ಮುಟ್ಟಿದಾಗ ಯಮನೂರ, ಕೈಗೆ ಸೂಜಿ ಚುಚ್ಚಬೇಡಿರೆಂದು ನರ್ಸಿನ ಹತ್ತಿರ ಗೋಗರೆಯುತ್ತಿದ್ದನಂತೆ.

ಸುಭಾಷ ಕೆಲಕಾಲ ಜೈಲಿನಲ್ಲಿದ್ದು ಹೊರಗೆ ಬಂದ. ಈಗಲೂ ಇದ್ದಾನೆ, ಬೆಣ್ಣೆಯಂತೆ ಮಾತಾಡಿಕೊಂಡು. ನಕಾಶೆಯೂ ಇದೆ, ಅದರಲ್ಲಿ ಕೆಂಪು ಬೋರುಗಳಿವೆ, ಗೆರೆಗಳಿಲ್ಲ. ಯಮನೂರನ ಎಡಗೈ ಪೂರ್ತಿ ಚಾಚುವುದಿಲ್ಲ, ಅವನು ಇಂದಿಗೂ ನಾಯಿ ಬೊಗಳಿದರೆ ಓಣಿ ಬದಲಿಸುತ್ತಾನೆ. ಅನುಷಾ ಗಂಗಾವತಿಯ ಯಾವ ಕೇರಿಯಲ್ಲಿದ್ದಾಳೆಂದು ಅವನು ವಿರುಪಣ್ಣನಿಗೂ ಹೇಳಿಲ್ಲ.

ತಂಗಿಯನ್ನು ನೋಡಲು ಹೊರಡುವ ದಿನ ಮಾರೆವ್ವ ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾಳೆ. ಅವನ ಕಿಸೆಗೆ ಕೈಹಾಕಿ ಯಂತ್ರ, ಮೊಬೈಲು ಎರಡನ್ನೂ ತೆಗೆದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ.

"ಇಲ್ಲೇ ಶಾಂತ ಮಾಡಿ ಹೋಗಪಾ" ಎನ್ನುತ್ತಾಳೆ. "ದೀಪ ಬ್ಯಾಡ. ಕತ್ತಲಾಗ ಹೋಗಿ ಬಾ."

ಅವನು ಅಂಜುತ್ತಲೇ ಹೋಗಿ ಅಂಜುತ್ತಲೇ ತಿರುಗಿ ಬರುತ್ತಾನೆ.